ಹುಳುಮನೆಯ ಗಾಳಿ

ಅಥವಾ ಬಣ್ಣ ಅಷ್ಟು ಮೇಲೆ ಏರಿರಲೇ ಇಲ್ಲವೇನೋ. ಗಾಜಿನ ಕೊಳವೆಯ ಮುಕ್ಕಾಲು ಭಾಗ ಕಂದಾಗಿತ್ತು ಎಂದು ನಾನು ಹೇಳಿಕೊಂಡು ಬಂದಿದ್ದೇನೆ. ಭಾವ ಅರ್ಧಕ್ಕಿಂತ ಕಡಿಮೆ ಅನ್ನುತ್ತಾರೆ. ಅಕ್ಕನನ್ನು ಕೇಳಿದರೆ, "ನನ್ ಕಣ್ಣಿಗೆ ಅವತ್ತು ಕನ್ನಡಕ ಇರ್ಲಿಲ್ಲ ಕಣೇ, ನೀವಿಬ್ರೂ ಏನಂದ್ರೆ ಅದೇ" ಅನ್ನುತ್ತಾಳೆ. ಬಣ್ಣ ಬಂದಿತ್ತು ಎನ್ನುವುದರಲ್ಲಿ ಮಾತ್ರ ಯಾರಿಗೂ ಅನುಮಾನವಿಲ್ಲ. ಆದರೆ ಆ ಬೆಳಗ್ಗೆಯನ್ನು ನಾವು ಎಷ್ಟು ಸಲ ಹೇಳಿಕೊಂಡಿದ್ದೇವೆಂದರೆ, ಈಗ ನನಗೆ ನೆನಪಿರುವುದು ಕೊಳವೆಯೋ ಅದನ್ನು ಕುರಿತ ಮಾತೋ, ಬಿಡಿಸಲಾರೆ.

ಕೊಳವೆ ಎಂದರೆ ಏನೆಂದು ಮೊದಲು ಹೇಳಿಬಿಡುತ್ತೇನೆ. ಮಾಲೂರಿನ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ನಾನು ಸೇಫ್ಟಿ ವಿಭಾಗದವಳು. ಕೆಲಸಗಾರರು ಉಸಿರಾಡುವ ಗಾಳಿಯಲ್ಲಿ ವಿಷದ ಅನಿಲ ಎಷ್ಟಿದೆ ಎಂದು ನೋಡುವುದು ನನ್ನ ಕೆಲಸಗಳಲ್ಲಿ ಒಂದು. ಅದಕ್ಕೆ ಪೆನ್ಸಿಲಿನಂಥ ಒಂದು ಗಾಜಿನ ಕೊಳವೆ ಇದೆ. ಎರಡೂ ತುದಿ ಮುಚ್ಚಿರುತ್ತದೆ, ಒಳಗೆ ರಾಸಾಯನಿಕ ಬೆರೆಸಿದ ಪುಡಿ. ತುದಿಗಳನ್ನು ಮುರಿದು, ಬಾಣದ ಗುರುತು ಪಂಪಿನ ಕಡೆಗಿರುವಂತೆ ಸಿಕ್ಕಿಸಿ ಪಂಪಿನ ಹಿಡಿಯನ್ನು ಎಳೆದರೆ ಗೊತ್ತಾದಷ್ಟೇ ಗಾಳಿ ಪುಡಿಯ ಮೂಲಕ ಹಾದುಹೋಗುತ್ತದೆ. ನಾವು ಹುಡುಕುವ ಅನಿಲ ಗಾಳಿಯಲ್ಲಿದ್ದರೆ ಪುಡಿಯ ಬಣ್ಣ ಬದಲಾಗುತ್ತದೆ. ಬಣ್ಣ ನಿಂತ ಕಡೆ ಗಾಜಿನ ಮೇಲೆ ಅಂಕಿ ಇರುತ್ತದೆ, ಓದಿಕೊಳ್ಳಬೇಕು. ಒಂದು ಅನಿಲಕ್ಕೆ ಒಂದು ಬಗೆಯ ಕೊಳವೆ. ಒಮ್ಮೆ ಬಳಸಿದ್ದು ಇನ್ನೊಮ್ಮೆ ಬರುವುದಿಲ್ಲ.

ಅಕ್ಕನನ್ನು ಕೊಟ್ಟಿರುವುದು ಮುಳಬಾಗಿಲು ತಾಲ್ಲೂಕಿನಲ್ಲಿ, ದೇವರಾಯಸಮುದ್ರದ ಆಚೆಗೆ. ರಾಗಿ, ಟೊಮೇಟೊ, ಜೊತೆಗೆ ರೇಷ್ಮೆ. ಹುಳು ಸಾಕುವ ಕೋಣೆ ಮನೆಯ ಹಿಂದೆ ಬೇರೆಯಾಗಿಯೇ ಇದೆ. ಅದನ್ನು ಹುಳುಮನೆ ಅನ್ನುತ್ತಾರೆ. ಸೊಪ್ಪು ಹಾಕುವುದು, ಹಿಕ್ಕೆ ತೆಗೆಯುವುದು, ಹಣ್ಣಾದ ಹುಳುಗಳನ್ನು ಆರಿಸಿ ಗೂಡು ಕಟ್ಟಲು ಬಿಡುವುದು, ಎಲ್ಲವನ್ನೂ ಅಕ್ಕ ನೋಡಿಕೊಳ್ಳುತ್ತಿದ್ದಳು. ಆ ಚಳಿಗಾಲದಲ್ಲಿ ಒಂದು ಬೆಳಗ್ಗೆ ಸೊಪ್ಪು ಹಾಕುತ್ತಿದ್ದವಳು ತಲೆಸುತ್ತಿ ಹುಳುವಿನ ತಟ್ಟೆಗಳ ಮಧ್ಯೆ ಬಿದ್ದಳು. ಮುಳಬಾಗಿಲಿನ ಡಾಕ್ಟರು ಬಿಪಿ ಕಡಿಮೆ ಇದೆ, ಚೆನ್ನಾಗಿ ತಿನ್ನಬೇಕು ಎಂದು ಟಾನಿಕ್ ಕೊಟ್ಟರು. ವಾರ ಕಳೆಯುವಷ್ಟರಲ್ಲಿ ಮತ್ತೆ ತಲೆಸುತ್ತು, ವಾಂತಿ.

ಅವಳ ಅತ್ತೆಗೆ ಕಾರಣ ಹುಡುಕುವುದು ಕಷ್ಟವಾಗಲಿಲ್ಲ. ಹುಳುವಿಗೆ ಇವಳ ಕೈ ಒಗ್ಗುತ್ತಿಲ್ಲ. ಈ ಹುಳುವಿನ ಬೆಳೆ ಮುಗಿದ ಮೇಲೆ ಹುಳುಮನೆ ಚಿಕ್ಕ ಸೊಸೆ ನೋಡಿಕೊಳ್ಳಲಿ, ದೊಡ್ಡವಳು ಅಡುಗೆಮನೆ ನೋಡಿಕೊಳ್ಳಲಿ.

ಫೋನಿನಲ್ಲಿ ಅಕ್ಕ ಅತ್ತಳೋ ಇಲ್ಲವೋ ನೆನಪಿಲ್ಲ. ಅತ್ತಳು ಎಂದು ಬರೆದರೆ ಚೆನ್ನಾಗಿ ಕಾಣುತ್ತದೆ, ಹಾಗಾಗಿ ಬರೆಯುವುದಿಲ್ಲ. ಹೇಳಿದ್ದು ಇಷ್ಟು: "ಹುಳುಮನೆ ಬಿಟ್ರೆ ನಂಗಲ್ಲಿ ಇನ್ನೇನಿದೆ ಹೇಳು? ಮುಸುರೆ ತಿಕ್ಕೋದು. ಈ ಬೆಳೆ ಮುಗಿಯೋದ್ರೊಳಗೆ ಬಂದ್ ಏನಾದ್ರೂ ಮಾಡು. ಆಮೇಲೆ ಬೀಗದಕೈ ಅವಳ ಸೊಂಟಕ್ಕೆ ಹೋಗತ್ತೆ."

"ಅಕ್ಕ, ಒಳಗೆ ಬೆಂಕಿ ಇಡ್ತೀರಾ?" ಎಂದು ಕೇಳಿದೆ.

"ಕುಂಪಟಿ ಇಡ್ದೆ ಆಗತ್ತಾ? ಈ ಚಳಿಗೆ ಹುಳು ಸೊಪ್ಪೇ ಮುಟ್ಟಲ್ಲ."

ಕುಂಪಟಿ ಎಂದರೆ ಹಳೇ ಕಬ್ಬಿಣದ ಬಕೆಟ್ಟಿಗೆ ತೂತು ಕೊರೆದು ಮಾಡಿದ ಇದ್ದಿಲಿನ ಒಲೆ. ರಾತ್ರಿ ಅದರಲ್ಲಿ ಕೆಂಡ ತುಂಬಿ ಹುಳುಮನೆಯ ನಡುವೆ ಇಡುತ್ತಾರೆ. ಕಿಟಕಿಗಳಿಗೆ ಗೋಣಿಚೀಲ, ಅದರ ಮೇಲೆ ಪ್ಲಾಸ್ಟಿಕ್. ಮುಚ್ಚಿದ ಕೋಣೆಯಲ್ಲಿ ಇದ್ದಿಲು ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆಸುತ್ತು, ವಾಂತಿ, ಹೆಚ್ಚಾದರೆ ಸಾವು. "ಇವತ್ತಿಂದಾನೇ ಹೊರಗಿಡಿ" ಅಂದೆ. ಹೊಗೆ ಇಲ್ಲದ ಕೆಂಡ ಏನು ಮಾಡುತ್ತದೆ ಎಂದು ಅತ್ತೆ ಕೇಳಿದರಂತೆ. ಮ್ಯಾನೇಜರಿಗೆ ಹೇಳಿ ಪಂಪನ್ನೂ ಆ ಅನಿಲದ ಕೊಳವೆಗಳ ಒಂದು ಡಬ್ಬಿಯನ್ನೂ ಪಡೆದುಕೊಂಡು ಭಾನುವಾರ ಹೊರಟೆ.

ಕೋಲಾರದಲ್ಲಿ ಬಸ್ಸು ಬದಲಾಯಿಸಿದೆ. ತೊಡೆಯ ಮೇಲಿನ ಪೆಟ್ಟಿಗೆ ನೋಡಿ ಕಂಡಕ್ಟರು, "ಏನಮ್ಮ, ಇಂಜೆಕ್ಷನ್ನಾ?" ಅಂದ.

"ಅಲ್ಲ, ಗಾಳಿ ಅಳೆಯೋದು."

"ಗಾಳಿಗೂ ಲಗೇಜ್ ಹಾಕೋ ಕಾಲ ಬಂತು ಬಿಡಿ." ಪಕ್ಕದಲ್ಲಿ ಕೂತಿದ್ದ ಹೆಂಗಸು ನಕ್ಕು, ಪೆಟ್ಟಿಗೆಯಿಂದ ಸ್ವಲ್ಪ ದೂರ ಸರಿದಳು.

ಮನೆ ತಲುಪಿದಾಗ ಅಕ್ಕನ ಅತ್ತೆ ಅಂಗಳದಲ್ಲೇ ನಿಂತಿದ್ದರು. "ಏಮ್ಮಾ, ಬಾಗುಂಡಾವಾ?" ಎಂದು ತೆಲುಗಿನಲ್ಲಿ ಯೋಗಕ್ಷೇಮ ಕೇಳಿ, ಮರುಕ್ಷಣವೇ ಕನ್ನಡಕ್ಕೆ ಬಂದರು: "ಹೊರಗಿಲ್ಲ ತಾನೆ?" ಮುಟ್ಟಾದವರು ಹುಳುಮನೆಗೆ ಕಾಲಿಡುವಂತಿಲ್ಲ. ಇಲ್ಲ ಅಂದೆ. ಬಾಗಿಲ ಬಳಿ ಬ್ಲೀಚಿಂಗ್ ನೀರಿನಲ್ಲಿ ಕಾಲು ಅದ್ದಿ, ಸುಣ್ಣದ ಪುಡಿ ತುಳಿದು ಒಳಗೆ ಹೋದೆ. ಕಾಯಿಲೆ ಒಳಗೆ ಬರದಿರಲಿ ಎಂದು ಅದು ಎಲ್ಲರಿಗೂ ಇರುವ ನಿಯಮ.

ಕೊಳವೆಯ ತುದಿ ಮುರಿದೆ. ಎಳೆದೆ. ಗಾಳಿ ಹಾದುಹೋಗುವವರೆಗೆ ಕಾದೆ. ಅತ್ತೆ, ಭಾವ, ಅಕ್ಕ, ಬಾಗಿಲಾಚೆ ಚಿಕ್ಕ ಸೊಸೆ, ಎಲ್ಲರೂ ನನ್ನ ಕೈಯನ್ನೇ ನೋಡುತ್ತಿದ್ದರು. ಪುಡಿ ಹೇಗಿತ್ತೋ ಹಾಗೇ ಇತ್ತು. ಇನ್ನೊಂದು ಮೂಲೆಯಲ್ಲಿ ಇನ್ನೊಂದು ಕೊಳವೆ ಮುರಿದೆ. ಅದೂ ಹಾಗೇ.

"ಏನಂತೆ?" ಅಂದರು ಅತ್ತೆ.

"ಏನೂ ಇಲ್ಲ. ಗಾಳಿ ಚೆನ್ನಾಗಿದೆ."

"ಗೊತ್ತಿತ್ತು." ಅಷ್ಟೇ ಅಂದರು. ಗಾಳಿ ಚೆನ್ನಾಗಿದ್ದ ಮೇಲೆ ದೋಷ ಬೇರೆ ಕಡೆ ಇರಬೇಕಲ್ಲ. ಅಕ್ಕ ನನ್ನ ಮುಖ ನೋಡಲಿಲ್ಲ. ಅವಳನ್ನು ಉಳಿಸಲು ಹೊತ್ತು ತಂದ ಪೆಟ್ಟಿಗೆ ಅವಳ ಮೇಲೇ ಸಾಕ್ಷಿ ಹೇಳಿತ್ತು, ಅದೂ ನಿಜವಾದ ಸಾಕ್ಷಿ.

ಊಟಕ್ಕೆ ಕೂತಾಗ, ಹುಳುಮನೆ ಅಷ್ಟು ಚೊಕ್ಕಟವಾಗಿದೆಯಲ್ಲ ಎಂದು ಭಾವನಿಗೆ ಹೇಳಿದೆ. ಹೊಗಳಿಕೆಯಾಗಿಯೇ ಹೇಳಿದ್ದು.

"ಇರ್ದೆ ಇನ್ನೇನು? ನೀನು ಚೆಕ್ಕಿಂಗಿಗೆ ಬರ್ತೀಯ ಅಂತ ಅಮ್ಮ ಬೆಳಗ್ಗೆ ಕಿಟಕಿ ಚೀಲ ಎಲ್ಲ ಬಿಚ್ಚಿಸಿ, ಕುಂಪಟಿ ಹೊರಗೆ ಹಾಕ್ಸಿ, ಗುಡಿಸಿ, ಸಾಂಬ್ರಾಣಿ ತೋರ್ಸಿದ್ದಾರೆ. ನಮ್ ಮನೆ ಮರ್ಯಾದೆ ಪ್ರಶ್ನೆ."

ತೆರೆದ ಕಿಟಕಿಗಳನ್ನು ನಾನೂ ನೋಡಿದ್ದೆ, ಹಗಲು ಹಾಗೇ ಇರುತ್ತದೆ ಅಂದುಕೊಂಡಿದ್ದೆ. ಅತ್ತೆ ಇದರಲ್ಲಿ ಮೋಸವನ್ನೇನೂ ಮಾಡಿರಲಿಲ್ಲ. ರೇಷ್ಮೆ ಇಲಾಖೆಯವರು ಬರುವ ದಿನ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದ್ದರು. ಬರುವವರು ನೋಡುವುದು ಮನೆಯನ್ನು, ಹಾಗಾಗಿ ಮನೆ ಚೊಕ್ಕಟವಾಗಿರಬೇಕು. ನಮ್ಮ ಕಾರ್ಖಾನೆಯಲ್ಲೂ ಅಳತೆಯ ದಿನ ಮುಂಚೆಯೇ ತಿಳಿದರೆ ಇಡೀ ವರ್ಷ ನಿಂತಿದ್ದ ಫ್ಯಾನುಗಳು ಬೆಳಗ್ಗೆಯಿಂದಲೇ ತಿರುಗುತ್ತವೆ. ಅದು ಗೊತ್ತಿದ್ದವಳು ನಾನು. ಆದರೂ ಭಾನುವಾರ ಬರ್ತೀನಿ ಎಂದು ಎರಡೆರಡು ಸಲ ಫೋನು ಮಾಡಿ ಹೇಳಿದ್ದೆ.

ಸೋಮವಾರಕ್ಕೆ ರಜೆ ಹೇಳಿ ಉಳಿದುಕೊಂಡೆ. ಎಂದಿನಂತೆ ಇರಲಿ, ಬೆಳಗ್ಗೆ ಅಳೆಯುತ್ತೇನೆ, ಅಲ್ಲಿಯವರೆಗೆ ಯಾರೂ ಒಳಗೆ ಹೋಗುವುದು ಬೇಡ ಅಂದೆ. ಸಂಜೆ ಕುಂಪಟಿ ಇಟ್ಟು, ಚೀಲ ಕಟ್ಟಿ ಬಾಗಿಲು ಹಾಕಿದರು. ಬೆಳಕು ಹರಿದಾಗ ಪೆಟ್ಟಿಗೆ ಹಿಡಿದು ಹೋದರೆ ಅತ್ತೆ ಬಾಗಿಲಿಗೆ ಅಡ್ಡ ನಿಂತಿದ್ದರು.

"ಸಂಜೇನೇ ಜ್ವರಕ್ಕೆ ಕೂತಿದ್ದಾವೆ. ಯಾರೂ ಹೋಗೋ ಹಾಗಿಲ್ಲ."

ಹುಳುಗಳು ಮೇವು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂತು ಪೊರೆ ಬಿಡುತ್ತವೆ. ಆ ಸ್ಥಿತಿಗೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಆಗ ಹೊರಗಿನವರ ನೆರಳೂ ಬೀಳಬಾರದು. ಅಕ್ಕ, "ನಾನು ಹೋಗಿ ಹಿಡ್ಕೊಂಡ್ ಬರ್ತೀನಿ, ಹೇಗೆ ಎಳೀಬೇಕು ಹೇಳ್ಕೊಡು" ಅಂದಳು. ನಾನು ಒಪ್ಪಲಿಲ್ಲ. ಆಮೇಲೆ ಪೆಟ್ಟಿಗೆಯಲ್ಲಿದ್ದ ರಬ್ಬರ್ ಪೈಪು ನೆನಪಾಯಿತು. ಅದರ ಒಂದು ತುದಿಗೆ ಕೊಳವೆ, ಇನ್ನೊಂದು ತುದಿಗೆ ಪಂಪು. ಬಾವಿ, ತೊಟ್ಟಿಯಂಥ ಕಡೆ ಮನುಷ್ಯರು ಇಳಿಯುವ ಮೊದಲು ಹೀಗೆ ಮೇಲಿಂದಲೇ ಅಳೆಯುತ್ತೇವೆ. ಕೊಳವೆಯನ್ನು ಉದ್ದನೆಯ ಕೋಲಿಗೆ ಕಟ್ಟಿ ಕಿಟಕಿಯ ಚೀಲದ ಸಂದಿಯಿಂದ ತೂರಿಸಬಹುದು.

"ಕೋಲು ಹೋಗ್ಬಹುದಾ ಅತ್ತೆ?" ಎಂದೆ.

ಅವರು ಯೋಚಿಸಿದರು. "ಬ್ಲೀಚಿಂಗಲ್ಲಿ ಅದ್ದು."

"ಹಾಗೇ ಹೊರಗಿದೆಯಾ ಅಂತಾನೂ ಕೇಳಮ್ಮ, ಕೋಲನ್ನ" ಅಂದರು ಭಾವ.

"ಮೂತಿ ಮುಚ್ಚೋ. ಎತ್ತಿಗೆ ಬುದ್ಧಿ ಬಂದ್ರೂ ನಿಂಗೆ ಬರಲ್ಲ." ಆದರೆ ಅತ್ತೆ ನಕ್ಕರು. ಅಕ್ಕನೂ ನಕ್ಕಳು, ಅತ್ತೆ ನಗುವವರೆಗೆ ತಡೆದುಕೊಂಡಿದ್ದು.

ಕೋಲನ್ನು ಅದ್ದಿ ಒರೆಸಿ, ಕೊಳವೆಯ ತುದಿ ಮುರಿದು ಪೈಪಿಗೆ ಸಿಕ್ಕಿಸಿ ಕೋಲಿಗೆ ಕಟ್ಟಿದೆ. ಭಾವ ಅದನ್ನು ಸಂದಿಯಿಂದ ಒಳಗೆ ತೂರಿಸಿ, ಅಕ್ಕ ಸೊಪ್ಪು ಹಾಕುವಾಗ ಅವಳ ಮುಖ ಇರುವ ಎತ್ತರಕ್ಕೆ ಹಿಡಿದರು. ನಾನು ಎಳೆದೆ. ಇಲ್ಲಿಗೆ ಬಂದಾಗ ನನ್ನ ನೆನಪು ಕೈಕೊಡುತ್ತದೆ. ಒಂದೇ ಸಲ ಎಳೆದೆನೋ, ಖಾತ್ರಿಗೆಂದು ಇನ್ನೊಮ್ಮೆ ಎಳೆದೆನೋ. ಅಂಕಿಗಳು ಒಂದು ಎಳೆತದ ಲೆಕ್ಕಕ್ಕೆ ಅಚ್ಚಾಗಿರುತ್ತವೆ. ಎರಡು ಸಲ ಎಳೆದಿದ್ದರೆ ಓದಿದ್ದರಲ್ಲಿ ಅರ್ಧ ಮಾತ್ರ ಹಿಡಿಯಬೇಕು. ಕಾರ್ಖಾನೆಯಲ್ಲಾದರೆ ಇಂಥ ಅಳತೆಯನ್ನು ನಾನೇ ತಿರಸ್ಕರಿಸುತ್ತೇನೆ.

ಕೋಲು ಹೊರಗೆ ಬಂದಾಗ ತಿಳಿಹಳದಿಯಿದ್ದ ಪುಡಿ ಕೆಳಗಿನಿಂದ ಕಂದಾಗಿತ್ತು. ಅರ್ಧವೋ ಮುಕ್ಕಾಲೋ, ಎರಡು ಎಳೆತವೇ ಆಗಿದ್ದರೂ, ನಮ್ಮಲ್ಲಿ ಅಷ್ಟು ಬಂದರೆ ಆ ಜಾಗದಿಂದ ಎಲ್ಲರನ್ನೂ ಹೊರಗೆ ಕಳಿಸುತ್ತೇವೆ. ಹಾಗೆಂದೆ.

ಅತ್ತೆ ಕೊಳವೆಯನ್ನು ಇಸಿದುಕೊಂಡು ಬೆಳಕಿಗೆ ಹಿಡಿದು ನೋಡಿದರು. ಹಿಂದಿನ ದಿನದ ಬಣ್ಣವಿಲ್ಲದ ಕೊಳವೆಯನ್ನೂ ತರಿಸಿ ಪಕ್ಕದಲ್ಲಿಟ್ಟು ನೋಡಿದರು. ಆಮೇಲೆ ಕೇಳಿದರು: "ಹಂಗಾದ್ರೆ ಹುಳು ಯಾಕ್ ಸಾಯ್ಲಿಲ್ಲ?"

ಆ ಅನಿಲ ನಮ್ಮ ರಕ್ತದ ಕೆಂಪು ಅಂಶಕ್ಕೆ ಅಂಟಿಕೊಳ್ಳುತ್ತದೆ, ಹುಳುವಿನ ರಕ್ತದಲ್ಲಿ ಅದು ಇಲ್ಲ ಎಂದು ಆಮೇಲೆ ಓದಿದೆ. ಅಂದು ಹೇಳಿದ್ದು, "ಗೊತ್ತಿಲ್ಲ ಅತ್ತೆ. ಮನುಷ್ಯರು ಸಾಯ್ತಾರೆ ಅನ್ನೋದು ಗೊತ್ತು" ಎಂದು.

"ನಂಗೂ ಚಳಿಗಾಲದ ಬೆಳೆಗೆ ತಲೆನೋವು ಬರ್ತಿತ್ತು. ನಮ್ಮತ್ತೆ ಅದನ್ನ ಹುಳುವಿನ ಭಾರ ಅಂತಿದ್ರು." ಇದನ್ನು ಅವರು ಅಲ್ಲೇ ಹೇಳಿದರು ಎಂದು ನನ್ನ ನೆನಪು. ಅಕ್ಕನ ಪ್ರಕಾರ ಎಷ್ಟೋ ದಿನದ ಮೇಲೆ, ಸೊಪ್ಪು ಕೊಯ್ಯುವಾಗ, ತನಗೊಬ್ಬಳಿಗೇ ಹೇಳಿದ್ದು. ಅವಳದ್ದೇ ಸರಿಯಿರಬೇಕು. ಅಷ್ಟು ಸಲೀಸಾಗಿ ಆಡುವ ಮಾತಲ್ಲ ಅದು. ಅಂದು ನಾನು ಕೇಳಿಸಿಕೊಂಡದ್ದು ಬಾಗಿಲ ಕಡೆ ತಿರುಗಿ ಅವರು ಭಾವನಿಗೆ ಅಂದದ್ದನ್ನು: "ಆ ಕಡೆ ಗೋಡೆಯಲ್ಲಿ ಮೇಲೊಂದು ಕೆಳಗೊಂದು ಇಟ್ಟಿಗೆ ತೆಗೆಸು. ಕುಂಪಟಿ ಆಚೆಗಿರ್ಲಿ."

ಕೈ ಒಗ್ಗದ ಮಾತು ಆಮೇಲೆ ಬರಲಿಲ್ಲ. ಯಾರೂ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲೂ ಇಲ್ಲ. ಬೀಗದಕೈ ಅಕ್ಕನ ಹತ್ತಿರವೇ ಉಳಿಯಿತು. ಭಾವ ಕರೆಂಟಿನ ಹೀಟರ್ ತಂದರು. ಆ ಬೆಳೆ ಚೆನ್ನಾಗಿಯೇ ಬಂತು. ಅಕ್ಕ ಮತ್ತೆ ಬೀಳಲಿಲ್ಲ.

ಹಾಗೆಂದು ಅವಳನ್ನು ಬೀಳಿಸಿದ್ದು ಅದೇ ಅನಿಲ ಎಂದು ನಾನು ಹೇಳಲಾರೆ. ನಾನು ಅಳೆದದ್ದು ಬೇರೆ ದಿನದ ಗಾಳಿಯನ್ನು. ಅವಳು ಬಿದ್ದ ಬೆಳಗ್ಗೆಯ ಗಾಳಿ ಅವತ್ತೇ ಬಾಗಿಲಿನಿಂದ ಹೊರಟುಹೋಯಿತು. ಡಾಕ್ಟರು ಹೇಳಿದ ಬಿಪಿಯೂ ಇದ್ದಿರಬಹುದು, ಎರಡೂ ಸೇರಿರಬಹುದು.

ಚಳಿಗಾಲದಲ್ಲಿ ಅಲ್ಲಿ ಕರೆಂಟು ಆಗಾಗ ಹೋಗುತ್ತದೆ. ಆಗ ಏನು ಮಾಡ್ತೀಯ ಎಂದು ಫೋನಿನಲ್ಲಿ ಕೇಳುತ್ತೇನೆ. "ಕುಂಪಟಿ ಒಳಗಿಡಲ್ಲ ಕಣೇ, ಎಷ್ಟ್ ಸಲ ಹೇಳ್ಲಿ" ಅನ್ನುತ್ತಾಳೆ. ಹುಳು ಚಳಿಗೆ ಮುದುಡಿ ಸೊಪ್ಪು ಮುಟ್ಟದೆ ಇರುವಾಗ ನನ್ನಕ್ಕ ಏನು ಮಾಡುತ್ತಾಳೆ ಎನ್ನುವುದು ನನಗೆ ಗೊತ್ತಿಲ್ಲ.