ನಗುವಿನ ಕೆಳಗಿನ ಮಾತು

ಮೈಕಣ್ಣ ಬಾಯಿ ಮುಚ್ಚಿದ್ದನ್ನು ಆ ಪೇಟೆಯಲ್ಲಿ ಕಂಡವರಿರಲಿಲ್ಲ. ಅದರಿಂದ ಅನುಕೂಲವಾಗಿದ್ದು ಹಲ್ಲಿನ ಡಾಕ್ಟರೊಬ್ಬರಿಗೆ ಮಾತ್ರ. ಉಳಿದವರೆಲ್ಲ ಅವನು ಎದುರಿಗೆ ಬಂದರೆ ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು. ದಾಟಿದರೂ ತಪ್ಪಿಸಿಕೊಂಡಂತಲ್ಲ, ಅವನ ದನಿ ಅವರಿಗಿಂತ ಮೊದಲೇ ಅಲ್ಲಿ ಕಾದಿರುತ್ತಿತ್ತು.

ಅವನ ಕಸುಬೇ ಅದು. ತಲೆಯ ಮೇಲೆ ಎರಡು ಧ್ವನಿವರ್ಧಕ ಕಟ್ಟಿದ ವ್ಯಾನಿನಲ್ಲಿ ಡ್ರೈವರನ ಪಕ್ಕ ಕೂತು, ಮೈಕು ತುಟಿಗೆ ಒತ್ತಿಕೊಂಡು, ಬೀದಿ ಬೀದಿ ಕೂಗಿಕೊಂಡು ಹೋಗುವುದು. ನಾಳೆ ನಲ್ಲಿ ನೀರು ಬರುವುದಿಲ್ಲ ಎಂಬುದರಿಂದ ಹಿಡಿದು ಬಟ್ಟೆ ಅಂಗಡಿಯ ರಿಯಾಯಿತಿ, ಇಂಥವರು ತೀರಿಕೊಂಡರು, ಇಂಥವರ ನಾಯಿ ಕಳೆದಿದೆ ಎಂಬ ತನಕ ಎಲ್ಲವೂ ಅವನ ಬಾಯಿಂದಲೇ ಆಗಬೇಕು. ಬರೆದುಕೊಟ್ಟಷ್ಟನ್ನೇ ಓದಿ ಸುಮ್ಮನಾಗುವ ಜಾತಿಯವನಲ್ಲ. ನಾಯಿಯ ಸ್ವಭಾವ, ಯಜಮಾನಿಯ ಕಣ್ಣೀರು ಎಲ್ಲ ಸೇರಿಸಿ, ಉಪ್ಪು ಖಾರ ಹಚ್ಚಿ ಹೇಳುತ್ತಿದ್ದ. ಸತ್ತವರ ಮುಖ ನೋಡದವರೂ ಅವನ ದನಿ ಕೇಳಿ ಮೂಗೊರೆಸಿಕೊಂಡದ್ದುಂಟು.

ಒಂದು ದಿನ ವ್ಯಾನಿನ ಮಾಲೀಕ ಒಂದು ಸಣ್ಣ ಡಬ್ಬಿ ತಂದು ಮೈಕಿನ ಜಾಗದಲ್ಲಿ ಕೂರಿಸಿದ. ಯಾರದೋ ದನಿ, ಎಲ್ಲೋ ರೆಕಾರ್ಡಾದದ್ದು. ಗುಂಡಿ ಒತ್ತಿದರೆ ಸಾಕು, ಹೇಳಿದ್ದನ್ನೇ ಹೇಳುತ್ತದೆ. “ನಿನ್ನ ದನಿ ಚೆನ್ನಾಗಿಲ್ಲ ಅಂತಲ್ಲ ಅಣ್ಣ. ಇದಕ್ಕೆ ಸುಸ್ತಾಗಲ್ಲ ನೋಡು,” ಎಂದ ಮಾಲೀಕ. ಮೈಕಣ್ಣ ಮನೆಗೆ ಬಂದು ಕೂತ.

ಅಲ್ಲಿಗೆ, ಇಷ್ಟು ವರ್ಷ ಇಡೀ ಪೇಟೆಗೆ ಹಂಚಿಹೋಗುತ್ತಿದ್ದ ಮಾತೆಲ್ಲ ಹೆಂಡತಿ ಒಬ್ಬಳ ತಲೆಯ ಮೇಲೆ ಬಿತ್ತು. ಪಾಪ, ಆ ಹೆಂಗಸು! ಅವಳು ಆಸ್ಪತ್ರೆಯ ಲಾಂಡ್ರಿಯಲ್ಲಿ ಹಾಸಿಗೆ ಬಟ್ಟೆ ಮಡಚುವವಳು. ಬೆಳಗ್ಗೆಯಿಂದ ದೊಡ್ಡ ದೊಡ್ಡ ಮೆಷಿನುಗಳ ಗಡಗಡದ ನಡುವೆ ನಿಂತು, ಕೈಸನ್ನೆಯಲ್ಲೇ ಕೆಲಸ ಮುಗಿಸಿ ಬಂದರೆ ಮನೆಯಲ್ಲಿ ಗಂಡ. ಚಪ್ಪಲಿ ಬಿಡುವುದರೊಳಗೆ ಶುರು. ಅವಳು ಹೂಂ ಎನ್ನುತ್ತ ಒಲೆ ಹಚ್ಚುವಳು, ಹೂಂ ಎನ್ನುತ್ತ ತಟ್ಟೆ ತೊಳೆಯುವಳು. ಅವನಿಗೆ ಅದು ಸಂಸಾರದ ಸುಖ. ಅವಳಿಗೆ ಏನಾಗಿತ್ತೆಂದು ಅವನು ಕೇಳಿದ್ದರೆ ತಾನೆ!

ಒಂದು ಸಂಜೆ ಅವಳು ಟೀ ಲೋಟ ಅವನ ಮುಂದಿಟ್ಟು ಹೇಳಿದಳು: “ಈ ತಿಂಗಳಿಗೆ ನನ್ನ ಕೆಲಸ ಮುಗೀತು. ಅಕ್ಕನ ಮನೆಗೆ ಹೋಗ್ತೀನಿ.”

“ಹೋಗಿ ಬಾ, ಅದಕ್ಕೇನಂತೆ! ಎಷ್ಟು ದಿನಕ್ಕೆ?”

“ಹೋಗ್ತೀನಿ ಅಂದೆ ರೀ. ಬರ್ತೀನಿ ಅನ್ನಲಿಲ್ಲ.”

ಮೈಕಣ್ಣ ಗಹಗಹಿಸಿ ನಕ್ಕ. ಮಾರನೆಯ ದಿನ ಅಟ್ಟದ ಮೇಲಿನ ಸೂಟ್‌ಕೇಸು ಇಳಿದು ಮಂಚದ ಕೆಳಗೆ ಬಂದಾಗ ನಗು ಸ್ವಲ್ಪ ಕಮ್ಮಿಯಾಯಿತು.

ಇಷ್ಟರಲ್ಲಿ ಅವನು ಸಂಜೆ ಪಾಠಕ್ಕೆ ಸೇರಿದ್ದ. ಗ್ರಂಥಾಲಯದ ಮೇಲಿನ ಕೋಣೆಯಲ್ಲಿ, ಸದ್ದನ್ನು ಕತ್ತರಿಸಿ ಜೋಡಿಸಿ ಕಥೆ ಕಟ್ಟುವುದನ್ನು ಕಲಿಸುತ್ತಿದ್ದರು. ಕಲಿತರೆ ಡಬ್ಬಿಯೊಳಗೆ ತನ್ನದೇ ದನಿ ತುಂಬಿ ಕೊಡಬಹುದು, ವ್ಯಾನಿನವನ ಮುಖಕ್ಕೆ ಹೊಡೆದ ಹಾಗೆ, ಎಂಬುದು ಅವನ ಲೆಕ್ಕ. ಕಲಿಸುವ ಮೇಡಂ, ಮದುವೆಯಾಗಿ ಹೋದ ಅವನ ಮಗಳ ವಯಸ್ಸಿನವಳು, ಮೆಲುದನಿಯವಳು. ಅವಳು ಏನಾದರೂ ಹೇಳಬೇಕೆಂದರೆ ಎಲ್ಲರೂ ಸುಮ್ಮನಾಗಬೇಕಿತ್ತು. ಸುಮ್ಮನಾಗದವನು ಒಬ್ಬನೇ.

ಮೊದಲನೇ ಕೆಲಸ ಖಾಲಿ ಕೋಣೆಯ ಸದ್ದು ಹಿಡಿದು ತರುವುದು. “ಪ್ರತಿ ಕೋಣೆಗೂ ಅದರದ್ದೇ ಒಂದು ಮೌನ ಇರುತ್ತೆ. ಮಾತು ಕತ್ತರಿಸಿದ ಕಡೆ ಅದನ್ನ ತುಂಬಿದ್ರೆ ಕತ್ತರಿಸಿದ್ದು ಗೊತ್ತಾಗಲ್ಲ,” ಎಂದು ಮೇಡಂ ವಿವರಿಸಿದಳು. “ಮೊಬೈಲ್ ಇಟ್ಟು ಎಲ್ಲರೂ ಸ್ವಲ್ಪ ಹೊತ್ತು ಸುಮ್ನಿರಿ, ಅಷ್ಟೇ.”

ಅಷ್ಟೇ! ಮೈಕಣ್ಣ ತಂದದ್ದನ್ನು ತರಗತಿಯಲ್ಲಿ ಹಾಕಿದಾಗ ಕೇಳಿಸಿದ್ದು ಇದು: “ಆತ್ಮೀಯ ಬಂಧುಗಳೇ, ಈಗ ತಾವು ಕೇಳಲಿರುವುದು ನಮ್ಮ ಅಡುಗೆಮನೆಯ ನಿಶ್ಶಬ್ದ.” ಆಮೇಲೆ ಒಂದು ಕೆಮ್ಮು. ಆಮೇಲೆ, “ಏನೇ, ಪಾತ್ರೆ ಸದ್ದು ಮಾಡ್ಬೇಡ, ರೆಕಾರ್ಡ್ ಆಗ್ತಿದೆ!” ಆಮೇಲೆ, “ಹಾಂ, ಈಗ ನಿಶ್ಶಬ್ದ.” ಎಲ್ಲರೂ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅವನೂ ನಕ್ಕ. ಮೇಡಂ ಮಾತ್ರ, “ಇನ್ನೊಂದ್ಸಲ ಮಾಡ್ಕೊಂಡು ಬನ್ನಿ ಸರ್,” ಎಂದಳು. ಇನ್ನೊಂದು ಸಲವೂ ಹಾಗೇ ಆಯಿತು, ಆ ಕೆಲಸ ಬಾಕಿಯೇ ಉಳಿಯಿತು.

ಮುಂದಿನದು ಮನೆಯವರೊಬ್ಬರನ್ನು ಮಾತಾಡಿಸಿ ತರುವ ಕೆಲಸ. ನೀವು ಪ್ರಶ್ನೆ ಕೇಳಿ, ಅವರು ಹೇಳಲಿ. ಬಳಿಕ ನಿಮ್ಮ ದನಿಯನ್ನೆಲ್ಲ ಕತ್ತರಿಸಿ ಎಸೆಯಿರಿ. ಅವರೇ ತಮ್ಮ ಕಥೆಯನ್ನು ತಾವಾಗಿ ಹೇಳಿಕೊಂಡಂತೆ ಕೇಳಬೇಕು. ಕೊನೆಯ ದಿನ ಮನೆಯವರನ್ನೂ ಕರೆದುಕೊಂಡು ಬರಬಹುದು, ಎಲ್ಲರ ಮುಂದೆ ಹಾಕುತ್ತೇವೆ.

ಮೈಕಣ್ಣನ ತಲೆಯಲ್ಲಿ ದೀಪ ಹತ್ತಿತು. ಹೆಂಡತಿಯ ಬಾಯಲ್ಲಿ ‘ಅವತ್ತಿನ ಕಥೆ’ ಹೇಳಿಸುವುದು. ತರಗತಿಯವರೆಲ್ಲ ಚಪ್ಪಾಳೆ ತಟ್ಟುವುದು. ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಿ, ಎಂಥಾ ಗಂಡ ನನಗೆ ಎಂದು ಕರಗಿ, ಮನೆಗೆ ಬಂದು ಸೂಟ್‌ಕೇಸನ್ನು ಮತ್ತೆ ಅಟ್ಟಕ್ಕೆ ಹಾಕುವುದು. ಅವನಿಗೆ ಉಳಿದಿದ್ದ ಒಂದೇ ಒಂದು ಉಪಾಯ ಅದು. ಒಳಗೊಳಗೆ ಅವನಿಗೆ ಭಯ ಶುರುವಾಗಿತ್ತು, ಸುಳ್ಳು ಯಾಕೆ ಹೇಳಬೇಕು.

‘ಅವತ್ತಿನ ಕಥೆ’ ಪೇಟೆಗೆಲ್ಲ ಗೊತ್ತು, ಅವನೇ ಹೇಳಿ ಹೇಳಿ ಸವೆಸಿದ್ದು. ಮಗಳಿನ್ನೂ ಶಾಲೆಗೆ ಹೋಗುತ್ತಿದ್ದ ಕಾಲ. ಬೆಳಗಿನ ಪಾಳಿ ಮುಗಿಸಿದ ಹೆಂಡತಿ ಮಧ್ಯಾಹ್ನ ಕಳೆದರೂ ಮನೆಗೆ ಬರಲಿಲ್ಲ. ಮೈಕಣ್ಣ ಸುಮ್ಮನೆ ಕೂರುತ್ತಾನೆಯೆ? ವ್ಯಾನು ಹತ್ತಿ ಇಡೀ ಪೇಟೆ ಸುತ್ತಿದ. “ಕಾಣೆಯಾಗಿದ್ದಾರೆ! ಹಸಿರು ಸ್ವೆಟರ್, ಎಡಗೆನ್ನೆ ಮೇಲೆ ಮಚ್ಚೆ, ಮಾತು ಕಡಿಮೆ. ಕಂಡವರು ದಯವಿಟ್ಟು ತಿಳಿಸಿ, ಈಕೆ ನನ್ನ ಸ್ವಂತ ಹೆಂಡತಿ!” ಬಸ್ ನಿಲ್ದಾಣದ ಬಳಿ ಬಂದಾಗ, ಹೊರಡಲು ನಿಂತಿದ್ದ ಬಸ್ಸಿನೊಳಗಿನ ಜನರೆಲ್ಲ ಒಂದು ಕಿಟಕಿಯ ಕಡೆ ತಿರುಗಿದರು. ಹಸಿರು ಸ್ವೆಟರಿನ ಹೆಂಗಸು ತಲೆ ತಗ್ಗಿಸಿಕೊಂಡು ಕೆಳಗಿಳಿದಳು. “ಸಿಕ್ಕಿದಳು! ಸಿಕ್ಕಿದಳು ಕಣ್ರಪ್ಪೋ!” ಎಂದು ಅವನು ಮೈಕಿನಲ್ಲೇ ಕೂಗಿದ. ನಿಲ್ದಾಣವೆಲ್ಲ ಚಪ್ಪಾಳೆ. ಪೆದ್ದಿ, ತಪ್ಪು ಬಸ್ಸು ಹತ್ತಿಬಿಟ್ಟಿದ್ದಳು, ಎಂದು ಮುಗಿಸುತ್ತಿದ್ದ ಅವನು. ಆ ಬಸ್ಸು ಹೋಗುವುದು ಅವಳ ಅಕ್ಕನ ಊರಿಗೆ. ಅದು ಅವನಿಗೆ ಗೊತ್ತಿತ್ತು, ಗೊತ್ತಿದ್ದೂ ಒಂದು ದಿನವೂ ಯಾಕೆ ಹತ್ತಿದೆ ಎಂದು ಕೇಳಿದವನಲ್ಲ.

ರೆಕಾರ್ಡ್ ಮಾಡಿದ್ದು ಒಂದು ರಜೆಯ ದಿನ. ಅವಳು ಸಿಂಕಿನ ಹತ್ತಿರ ಸ್ಟೂಲಿನ ಮೇಲೆ ಕೂತಳು. ಅವನು ಮೇಜಿನ ಈಚೆ. ಮೊಬೈಲು ಕೈಯಲ್ಲಿ. ಬೇಡ ಎನ್ನುತ್ತಾಳೆಂದು ಅವನು ಹೆದರಿದ್ದ, ಆದರೆ ಅವಳು ಒಪ್ಪಿದಳು. ಒದ್ದೆ ಕೈ ಒರೆಸಿಕೊಂಡು ಸ್ವಲ್ಪ ಹೊತ್ತು ಯೋಚನೆಯನ್ನೂ ಮಾಡಿದಳು. ಮಾತುಕತೆ ಮುಗಿದಾಗ ಅವಳ ಮುಖ ಎಷ್ಟೋ ಹಗುರವಾದಂತಿತ್ತು. ಕೆಲಸ ಆಯಿತು ಎಂದುಕೊಂಡ ಮೈಕಣ್ಣ, ಆ ದಿನ ಖುಷಿಯಲ್ಲಿ ಎರಡು ಸಲ ಟೀ ಕುಡಿದ.

ತರಗತಿಯ ಕಂಪ್ಯೂಟರಿನಲ್ಲಿ ಅದನ್ನು ತೆರೆದಾಗ ಪರದೆಯ ಮೇಲೆ ಸದ್ದಿನ ಗೆರೆಗಳು ಮೂಡಿದವು. ದಪ್ಪ ದಪ್ಪ ಉಬ್ಬು, ನಡುವೆ ಅಲ್ಲಲ್ಲಿ ಇರುವೆ ಸಾಲಿನಂಥ ತೆಳು ಗೆರೆ.

“ಮೊಬೈಲ್ ಎಲ್ಲಿ ಹಿಡಿದಿದ್ರಿ ಸರ್?” ಎಂದು ಮೇಡಂ ಕೇಳಿದಳು.

ಮೈಕಣ್ಣ ಹಿಡಿದು ತೋರಿಸಿದ. ಕೈ ತಾನಾಗಿ ಅವನ ಸ್ವಂತ ತುಟಿಗೇ ಹೋಯಿತು. ಇಷ್ಟು ವರ್ಷದ ಅಭ್ಯಾಸ, ಕೈಗೆ ಬೇರೆ ದಾರಿಯೇ ಗೊತ್ತಿಲ್ಲ. ಪ್ರಶ್ನೆ ಕೇಳುವಾಗಲೂ ಅಲ್ಲೇ, ಉತ್ತರ ಬರುವಾಗಲೂ ಅಲ್ಲೇ. ಪಕ್ಕದಲ್ಲಿದ್ದವರು ಕಿಸಕ್ಕೆಂದರು.

“ಪರವಾಗಿಲ್ಲ, ನಿಮ್ಮ ದನಿ ತೆಗೀತಾ ಹೋಗಿ,” ಎಂದಳು ಮೇಡಂ.

ಅವನು ತೆಗೆಯುತ್ತ ಹೋದ. ದಪ್ಪ ಉಬ್ಬನ್ನು ಗುರುತು ಮಾಡುವುದು, ಗುಂಡಿ ಒತ್ತುವುದು, ಮಾಯ. ಮೊದಮೊದಲು ಮಜವಾಗಿತ್ತು. ಎಲ್ಲ ತೆಗೆದು ಕಿವಿಗೆ ಹೆಡ್‌ಫೋನ್ ಹಾಕಿ ಕೇಳಿದರೆ ಉಳಿದದ್ದು: ಹೂಂ. ನಲ್ಲಿಯ ತೊಟ್ಟು. ಹೂಂ. “ಹಾಗಲ್ಲ ರೀ.” ಸ್ಟೂಲು ಕಿರುಗುಟ್ಟಿದ್ದು. ಹೂಂ. ಮೂವತ್ತು ವರ್ಷದ ಸಂಸಾರವನ್ನು ಸೋಸಿದರೆ ಸಿಕ್ಕಿದ್ದು ಇಷ್ಟು. ಮೈಕಣ್ಣನ ಮುಖ ಸಪ್ಪಗಾಯಿತು.

ಒಂದು ಕಡೆ ಮಾತ್ರ ಕತ್ತರಿಸಲು ಬರಲಿಲ್ಲ. ಅಲ್ಲಿ ಅವಳ ದನಿ ಸ್ಪಷ್ಟವಾಗಿ ಶುರುವಾಗುತ್ತಿತ್ತು: “ನಾನು ತಪ್ಪು ಬಸ್ ಹತ್ತಿರಲಿಲ್ಲ. ಅವತ್ತು ಯಾಕೆ ಹೊರಟಿದ್ದೆ ಅಂದ್ರೆ...” ಅಷ್ಟರಲ್ಲಿ ಅವನ ನಗು. ಆಮೇಲೆ “ಹಸಿರು ಸ್ವೆಟರ್, ಎಡಗೆನ್ನೆ ಮೇಲೆ ಮಚ್ಚೆ” ಎಂದು ಹಳೆಯ ಕೂಗನ್ನೇ ಕೂಗಿ ತೋರಿಸಿದ್ದು. ಮತ್ತೆ ನಗು. ಅವಳು ಅಲ್ಲಿಗೆ ಸುಮ್ಮನಾಗಿದ್ದಳು ಎಂದೇ ಅವನು ತಿಳಿದಿದ್ದ. ಇಲ್ಲ. ನಗುವಿನ ಅಡಿಯಲ್ಲಿ ಆ ತೆಳು ದನಿ ನಿಲ್ಲದೆ ಹೇಳುತ್ತಲೇ ಇತ್ತು. ಒಂದೂ ಶಬ್ದ ಬಿಡಿಯಾಗಿ ಸಿಗಲೊಲ್ಲದು. ಅವನು ಉಸಿರು ಎಳೆದುಕೊಳ್ಳಲು ನಿಲ್ಲಿಸಿದ ಕಡೆ ಕೊನೆಗೆ ಎರಡು ಮಾತು ಕೇಳಿಸಿದವು: “ಅಷ್ಟೇ ರೀ.”

ಅವನು ಹೆಡ್‌ಫೋನ್ ಕಿತ್ತು ಮೇಡಂ ಕಡೆ ಚಾಚಿದ. “ಮೇಡಂ, ಈ ನಗು ಒಂದು ತೆಗೆದುಕೊಡಿ. ಅವಳೇನೋ ಹೇಳ್ತಿದ್ದಾಳೆ.”

ಮೇಡಂ ತನಗೆ ಗೊತ್ತಿದ್ದುದನ್ನೆಲ್ಲ ಮಾಡಿ ನೋಡಿದಳು. ಅವನ ದನಿಯನ್ನು ತಗ್ಗಿಸಿದರೆ ಅವಳದೂ ಅದರ ಜೊತೆಗೇ ತಗ್ಗಿತು. ದನಿ ಬೇರ್ಪಡಿಸುವ ಹೊಸ ಸಾಫ್ಟ್‌ವೇರಿಗೂ ಹಾಕಿದಳು. ಹೊರಬಂದದ್ದು ನೀರೊಳಗೆ ಯಾರೋ ಗೊಣಗಿದ ಹಾಗೆ. “ಎರಡು ದನಿ ಒಟ್ಟಿಗೆ ಒಂದೇ ಮೈಕಿಗೆ ಬಿದ್ದಿದೆ ಸರ್. ನೀವು ಹತ್ತಿರ, ಅವರು ದೂರ. ಬಿಡಿಸೋಕಾಗಲ್ಲ,” ಎಂದಳು. ಆಮೇಲೆ ಅವನ ಮುಖ ನೋಡಿ, “ಅದಕ್ಕೇನಂತೆ, ಮನೇಲೇ ಇದ್ದಾರಲ್ಲ, ಇನ್ನೊಂದ್ಸಲ ಕೇಳಿ,” ಎಂದು ಸೇರಿಸಿದಳು.

ಮೈಕಣ್ಣ ಓಡಿದನೆಂದೇ ಹೇಳಬೇಕು. ಮನೆಗೆ ಬಂದರೆ ಹೆಂಡತಿ ಮಂಚದ ಮೇಲೆ ಬಟ್ಟೆ ಮಡಚುತ್ತಿದ್ದಳು, ಲಾಂಡ್ರಿಯ ಕೈ, ಒಂದೊಂದೂ ಇಸ್ತ್ರಿ ಮಾಡಿದಂತೆ ಚೌಕವಾಗಿ. ಸೂಟ್‌ಕೇಸು ಬಾಯಿ ತೆರೆದು ಕೂತಿತ್ತು. ಅವನು ಮೊಬೈಲನ್ನು ಅವಳ ಪಕ್ಕದಲ್ಲಿಟ್ಟು, ತಾನು ದೂರ ಹೋಗಿ ಬಾಗಿಲಿಗೆ ಒರಗಿ ನಿಂತ.

“ಏನಿದು?” ಎಂದಳು.

“ಅವತ್ತು ಹೇಳಿದ್ಯಲ್ಲ, ಬಸ್ ಯಾಕೆ ಹತ್ತಿದೆ ಅಂತ. ಇನ್ನೊಂದ್ಸಲ ಹೇಳೇ. ನಾನು ತುಟಿ ಪಿಟಕ್ ಅನ್ನಲ್ಲ. ನಿನ್ನಾಣೆ.”

“ಹೇಳಿದ್ದಾಯ್ತಲ್ಲ ರೀ.”

“ನಂಗೆ ಕೇಳಿಸ್ಲಿಲ್ಲ ಕಣೇ.”

“ಗೊತ್ತು.” ಅವಳು ಇನ್ನೊಂದು ಬಟ್ಟೆ ಮಡಚಿದಳು. ಸಿಟ್ಟಿರಲಿಲ್ಲ, ಸಿಟ್ಟಾದರೂ ಇದ್ದಿದ್ದರೆ ಅವನಿಗೆ ಹಿಡಿದುಕೊಳ್ಳಲು ಏನೋ ಸಿಗುತ್ತಿತ್ತು. “ನಿಮಗೆ ಕೇಳಿಸಲ್ಲ ಅಂತ ಗೊತ್ತಿದ್ದಕ್ಕೇ ಅಷ್ಟೂ ಹೇಳಿದ್ದು. ಇಲ್ಲದಿದ್ರೆ ನನ್ನ ಬಾಯಲ್ಲಿ ಬರ್ತಿರ್ಲಿಲ್ಲ. ಹೇಳಿಬಿಟ್ಟೆ, ಹಗುರ ಆಯ್ತು. ಇನ್ನು ಹೇಳೋಕೆ ಏನೂ ಉಳಿದಿಲ್ಲ.”

ಮೈಕಣ್ಣ ಬಾಯಿ ತೆರೆದ. ಹೇಳಬೇಕಾದ್ದು ನೂರೆಂಟಿತ್ತು, ಒಂದೂ ಹೊರಡಲಿಲ್ಲ. ಅವಳು ಕಾದಳು ಕೂಡ, ಅಭ್ಯಾಸಬಲದಿಂದ ಒಂದು ಹೂಂ ತಯಾರಿಟ್ಟುಕೊಂಡವಳ ಹಾಗೆ. ಆಮೇಲೆ ಸೂಟ್‌ಕೇಸು ಮುಚ್ಚಿದಳು.

ಅವಳು ಮಾರನೆಯ ದಿನ ಹೋದದ್ದು ಅಕ್ಕನ ಊರಿನ ಅದೇ ಮಧ್ಯಾಹ್ನದ ಬಸ್ಸಿಗೆ. ಸೂಟ್‌ಕೇಸು ಹೊತ್ತು ಅವನೇ ನಿಲ್ದಾಣಕ್ಕೆ ಬಂದ. ಅವಳು ಕಿಟಕಿಯ ಪಕ್ಕ ಕೂತು, “ಗ್ಯಾಸ್ ಆಫ್ ಮಾಡೋದು ಮರೀಬೇಡಿ,” ಎಂದಳು. ನಿಲ್ದಾಣದ ಹೊರಗೆ ಆ ವ್ಯಾನು ಡಬ್ಬಿಯ ದನಿಯಲ್ಲಿ ಪೀಠೋಪಕರಣದ ರಿಯಾಯಿತಿ ಕೂಗುತ್ತ ಹಾದುಹೋಯಿತು. ಅವನು ಕೂಗಲಿಲ್ಲ. ಕೂಗಿದ್ದರೆ ಇಳಿಯುತ್ತಿದ್ದಳೇನೋ, ಜನ ತಿರುಗಿ ನೋಡುತ್ತಾರೆಂಬ ನಾಚಿಕೆಗೆ. ಒಂದು ಸಲ ಹಾಗೆ ಇಳಿಸಿಯಾಗಿತ್ತು. ಬಸ್ಸು ತಿರುವು ದಾಟುವ ತನಕ ನಿಂತಿದ್ದು, ಅವನು ನಡೆದುಕೊಂಡೇ ಮನೆಗೆ ಬಂದ.

ತರಗತಿಯ ಕೊನೆಯ ದಿನ ಎಲ್ಲರೂ ಮನೆಯವರನ್ನು ಕರೆದುಕೊಂಡು ಬಂದಿದ್ದರು. ಒಬ್ಬಳು ತನ್ನ ಅತ್ತೆಯ ಕಥೆ ತಂದಿದ್ದಳು, ಇನ್ನೊಬ್ಬ ತನ್ನ ಕ್ಷೌರಿಕ ತಂದೆಯದು. ಮೈಕಣ್ಣ ಒಬ್ಬನೇ ಬಂದು ಹಿಂದಿನ ಕುರ್ಚಿಯಲ್ಲಿ ಕೂತ. ಅವನ ಸರದಿ ಬಂದಾಗ, “ಮಾತಾಡಿಸಿದ್ದು ಆಗಲಿಲ್ಲ ಮೇಡಂ. ಬಾಕಿ ಇತ್ತಲ್ಲ, ಮೊದಲನೇದು, ಅದನ್ನ ತಂದಿದ್ದೀನಿ,” ಎಂದು ಮೊಬೈಲು ಕೊಟ್ಟ.

ಮೇಡಂ ಹಾಕಿದಳು. ಫ್ರಿಜ್ಜಿನ ಗುಂಯ್. ನಲ್ಲಿಯ ತೊಟ್ಟು ಸಿಂಕಿಗೆ ಬಿದ್ದದ್ದು. ದೂರದಲ್ಲಿ ಯಾರದೋ ಸ್ಕೂಟರು. ಮತ್ತೆ ತೊಟ್ಟು. ಈಗ ಕೆಮ್ಮುತ್ತಾನೆ, ಈಗ ಏನೋ ಅನ್ನುತ್ತಾನೆ ಎಂದು ಎಲ್ಲರೂ ನಗಲು ತಯಾರಾಗಿ ಕಾದರು. ಯಾರೂ ಕೆಮ್ಮಲಿಲ್ಲ. ಕಾದವರಿಗೇ ಒಂಥರಾ ಆಗಿ ಕುರ್ಚಿಯಲ್ಲಿ ಮಿಸುಕಾಡಿದರು.

“ಈ ಸಲ ಸರಿಯಾಗಿ ಬಂದಿದೆ ಸರ್,” ಎಂದಳು ಮೇಡಂ, ನಿಜಕ್ಕೂ ಸಂತೋಷದಿಂದ. “ಎಷ್ಟು ಚೆನ್ನಾಗಿ ಸುಮ್ನಿದ್ದೀರಿ! ಹೇಗೆ ಸಾಧ್ಯ ಆಯ್ತು?”

ಮೈಕಣ್ಣ ಕೈ ಚಾಚಿ ಮೊಬೈಲು ವಾಪಸು ತೆಗೆದುಕೊಂಡ. ಅವನ ಉತ್ತರ ಮುಂದಿನ ಸಾಲಿನವರಿಗೂ ಸರಿಯಾಗಿ ಕೇಳಿಸಲಿಲ್ಲ, ಅಷ್ಟು ಸಣ್ಣಗಿತ್ತು ದನಿ.

“ಹೂಂ ಅನ್ನೋರು ಯಾರೂ ಇಲ್ಲ ಮೇಡಂ,” ಎಂದ.