ರ‍್ಯಾಪ್ ಹಾಡುವ ನಮ್ಮ ವೈನಿ

ಹಾಡು ಶುರು ಮಾಡುವ ಮುಂಚೆ ವೈನಿ ಎರಡೂ ಕೈಯ ಹಸಿರು ಗಾಜಿನ ಬಳೆಗಳನ್ನು ಮೊಣಕೈವರೆಗೆ ಸರಿಸಿ, ಅಲುಗಾಡದಂತೆ ಮೇಲೊಂದು ರಬ್ಬರ್ ಬ್ಯಾಂಡು ಹಾಕಿ ಬಿಗಿಯುತ್ತಿದ್ದಳು. ಬಳೆ ಗಲಗಲ ಎಂದರೆ ತಾಳ ಕೆಡುತ್ತದೆ ಎಂಬುದು ಅವಳ ದೂರು. ಹಾಡು ಮುಗಿದು, ಬಳೆಗಳು ಮತ್ತೆ ಮಣಿಕಟ್ಟಿಗೆ ಇಳಿದ ಮೇಲೂ ಆ ರಬ್ಬರಿನ ಕೆಂಪು ಗೆರೆ ಕೈಮೇಲೆ ಎಷ್ಟೋ ಹೊತ್ತು ಉಳಿದಿರುತ್ತಿತ್ತು. ಅದೇ ಕೈಯಿಂದ ಅವಳು ಜೋಳದ ರೊಟ್ಟಿ ಬಡಿಯುತ್ತಿದ್ದಳು. ರೊಟ್ಟಿಯ ಸಪ್ಪಳದಲ್ಲೂ ಒಂದು ಲೆಕ್ಕ ಇರುತ್ತಿತ್ತು.

ವೈನಿ ಎಂದರೆ ನನ್ನ ಅಣ್ಣನ ಹೆಂಡತಿ. ಅವಳ ತವರು ಗಡಿಯಾಚೆಯ ಇಚಲಕರಂಜಿ. ಮನೆಯಲ್ಲೇ ವಿದ್ಯುತ್ ಮಗ್ಗಗಳನ್ನಿಟ್ಟುಕೊಂಡ ಕುಟುಂಬ. ಹಗಲಿಡೀ ಖಟಖಟ ಸದ್ದು. "ನಮ್ಮ ಮನ್ಯಾಗ ಸಣ್ಣ ದನೀಲೆ ಮಾತಾಡಿದವರಿಗೆ ಎರಡನೇ ಸಲ ಪಲ್ಯಾ ಸಿಗ್ತಿರಲಿಲ್ಲ, ಯಾರಿಗೂ ಕೇಳಿಸ್ತನ ಇರಲಿಲ್ಲ," ಎಂದು ನಗುತ್ತಿದ್ದಳು. ಮಗ್ಗದ ಸದ್ದನ್ನು ದಾಟಿ ಮಾತಾಡುತ್ತ ಬೆಳೆದ ಹುಡುಗಿ ಕಾಲೇಜಿಗೆ ಹೋದಾಗ ರ‍್ಯಾಪ್ ಕೇಳಿದಳು. ಇದು ತನಗೆ ಮೊದಲೇ ಗೊತ್ತಿರುವ ವಿದ್ಯೆಯಲ್ಲವೇ ಅನ್ನಿಸಿತಂತೆ.

ಮದುವೆಯಾಗಿ ಬಂದದ್ದು ಜುಗೂಳದ ನಮ್ಮ ಮನೆಗೆ. ಹೊಳೆಯ ದಂಡೆಗೆ ಕಬ್ಬು, ಹೊತ್ತು ಮುಳುಗುವುದರೊಳಗೆ ಊಟ ಮುಗಿಸುವ ಜೈನ ಒಕ್ಕಲುತನದ ಮನೆ. ನಮ್ಮೂರಲ್ಲಿ ಮರಾಠಿ ಎಲ್ಲರಿಗೂ ಬರುತ್ತದೆ. ಅವಳು ಕನ್ನಡ ಕಲಿಯದಿದ್ದರೂ ಜೀವನ ಸಾಗುತ್ತಿತ್ತು. ಆದರೆ ಹಟ ಹಿಡಿದು ಕಲಿತಳು. ಯಾಕೆ ಎಂದು ಕೇಳಿದರೆ, "ಪ್ರಾಸಕ್ಕ ಬೇಕಲ್ಲಪಾ. ಎರಡ ಭಾಷಾ ಇದ್ರ ಎರಡ ಕಣಜ ಇದ್ದಂಗ," ಅನ್ನುತ್ತಿದ್ದಳು.

ಈ ರ‍್ಯಾಪಿನ ಸಂಗತಿ ಮನೆಯಲ್ಲಿ ಬಹಳ ದಿನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾದದ್ದು ನಮ್ಮ ಜಗಳದಿಂದ.

ನಾನಾಗ ಚಿಕ್ಕೋಡಿಯಲ್ಲಿ ಡಿಗ್ರಿ ಓದುತ್ತಿದ್ದೆ. ಮುಗಳಖೋಡದ ಬಸು ನನ್ನ ತರಗತಿಯವನು. ಇಬ್ಬರಿಗೂ ಹಿಪ್-ಹಾಪ್ ಹುಚ್ಚು. ನಿಪ್ಪಾಣಿ, ರಾಯಬಾಗ, ಅಥಣಿಯ ನಮ್ಮಂಥದೇ ಹುಚ್ಚರನ್ನು ಸೇರಿಸಿ ಮೊಬೈಲಿನಲ್ಲೊಂದು ಗ್ರೂಪ್ ಮಾಡಿಕೊಂಡಿದ್ದೆವು. ಅಲ್ಲಿ ಎಂದಿಗೂ ಮುಗಿಯದ ವಾದ ಒಂದೇ, ಹಿಪ್-ಹಾಪ್ ಕೆಟ್ಟಿದೆಯೋ ಇಲ್ಲವೋ. ನಾನು ಮತ್ತು ಬಸು ಕೆಟ್ಟಿದೆ ಎನ್ನುವ ಪಕ್ಷದ ಮುಂದಾಳುಗಳು. ಹಳೆಯ ಹಾಡುಗಳ ಆಚೆ ನಮಗೆ ಲೋಕವೇ ಇರಲಿಲ್ಲ. ಒಂದು ಭಾನುವಾರ ಬಸು ನಮ್ಮೂರಿಗೆ ಬಂದಿದ್ದ. ಮೇಲಿನ ಖೋಲಿಯಲ್ಲಿ ಕೂತು ಗ್ರೂಪಿನ ಯಾರಿಗೋ ಉತ್ತರ ಕೊಡುತ್ತಿದ್ದೆವು.

"ಹಿಪ್-ಹಾಪ್ ಮುಗದೈತ್ಲೇ," ಎಂದ ಬಸು. "ಮೊದಲ ಒಂದೊಂದ ಸಾಲಿಗೂ ಮೈ ಝುಂ ಅಂತಿತ್ತು. ಈಗ ಬರೇ ಕಾರು, ಬಂಗಾರದ ಚೈನು. ದನಿನೂ ಅವರದಲ್ಲ, ಮಶೀನಿಂದು."

ಅವಲಕ್ಕಿ ಪೋಹೆಯ ತಾಟು ಹಿಡಿದು ಬಂದ ವೈನಿ ಬಾಗಿಲಲ್ಲೇ ನಿಂತಳು.

"ಹೊಸಾದು ಕಡೀಕ ಯಾವಾಗ ಕೇಳೀರಿ?"

"ಅದರಾಗ ಕೇಳಾಕ ಏನೈತ್ರಿ ವೈನಿ?"

"ಅಂದ್ರ ಕೇಳಿಲ್ಲ. ಕೇಳದನ ಕೆಟ್ಟೈತಿ ಅನ್ನಾಕತ್ತೀರಿ." ತಾಟು ಕೆಳಗಿಟ್ಟು ಹೊಸ್ತಿಲ ಮೇಲೆ ಕೂತಳು. "ಹಳೇದನ್ನ ಕಾಲ ತೂರಿ ಇಟ್ಟೈತಿ, ಬರೇ ಕಾಳ ಉಳದಾವ. ಹೊಸಾದು ಇನ್ನಾ ಕಣದಾಗ ಐತಿ. ಹೊಟ್ಟು, ಕಾಳು ಕೂಡೇ ಬಿದ್ದಿರ್ತಾವ. ತೂರಾಕ ನಿಮಗ ತಾಳ್ಮಿ ಇಲ್ಲ."

ಬಸು ಅಷ್ಟಕ್ಕೆ ಸೋಲುವವನಲ್ಲ. "ಹಂಗಾರ ಹುಡುಗ್ಯಾರ ಬಗ್ಗೆ ಹೊಲಸ ಬರೀತಾರಲ್ರಿ, ಅದು ಹೊಟ್ಟೋ ಕಾಳೋ?"

ವೈನಿ ಪೋಹೆಯ ತಾಟನ್ನು ಅವನತ್ತ ಸರಿಸಿದಳು. "ಹೊಟ್ಟು. ಅದನ್ನ ಒಪ್ಪತೀನಿ. ಆದ್ರ ಅದು ನಿಮ್ಮ ಹಳೇದ್ರಾಗೂ ಇತ್ತು. ನೀವು ಗಂಡಹುಡುಗುರು, ನಿಮಗ ಕೇಳಿಸಿಲ್ಲ. ನನಗ ಆವಾಗೂ ಕೇಳಿಸಿತ್ತು."

ಆಮೇಲೆ ಅವಳು ಬಳೆ ಮೇಲೆ ಸರಿಸಿ, ಬಾಗಿಲ ಚೌಕಟ್ಟಿಗೆ ಬೆರಳು ಬಡಿಯುತ್ತ, ತಾನು ಕಾಲೇಜಿನಲ್ಲಿದ್ದಾಗ ಬರೆದ ಮರಾಠಿ ಹಾಡನ್ನು, ನಮ್ಮ ಕಡೆಯ ಮಾತಿನಲ್ಲಿ ಪದವನ್ನು, ಹೇಳಿದಳು. ಮಗ್ಗದ ಮನೆಯ ಹೆಣ್ಣುಮಗಳೊಬ್ಬಳು ಹರಿದ ನೂಲನ್ನು ಹುಡುಕಿ ಹುಡುಕಿ ಗಂಟು ಹಾಕುವ ಕಥೆ. ಎಷ್ಟು ವೇಗ, ಎಷ್ಟು ಸ್ಪಷ್ಟ! ಒಂದು ಅಕ್ಷರ ಇನ್ನೊಂದರ ಕಾಲು ತುಳಿಯಲಿಲ್ಲ. ಬಸು ಕೈಯಲ್ಲಿದ್ದ ಪೋಹೆ ತಿನ್ನುವುದನ್ನು ಮರೆತಿದ್ದ.

ಕೆಳಗೆ ಅವ್ವನಿಗೂ ಕೇಳಿಸಿತ್ತು. ಸಂಜೆ ಊಟಕ್ಕೆ ಕೂತಾಗ, "ಹಾಡೂದಾದ್ರ ಬಸದ್ಯಾಗ ಭಜನಿ ಹಾಡವಾ. ಇದೇನಿದು, ಓಣಿಯಾಗ ಜಗಳಾ ತಗದಂಗ!" ಎಂದಳು.

"ಭಜನಿನೂ ಹಾಡತೀನ್ರಿ ಅತ್ತಿ," ಎಂದಳು ವೈನಿ. "ಇದನ್ನೂ ಹಾಡತೀನಿ."

ದನಿಯಲ್ಲಿ ಒರಟಿರಲಿಲ್ಲ, ಅಳುಕೂ ಇರಲಿಲ್ಲ. ಅವಳ ಹಟ ಎಂದರೆ ಹಾಗೆಯೇ. ಎದುರಿನವರನ್ನು ತಳ್ಳುತ್ತಿರಲಿಲ್ಲ, ತಾನು ನಿಂತ ಜಾಗ ಬಿಡುತ್ತಲೂ ಇರಲಿಲ್ಲ. ಮರುದಿನವೇ ಬಸದಿಗೆ ಹೋಗಿ ಎಲ್ಲರಿಗಿಂತ ಗಟ್ಟಿಯಾಗಿ ಭಜನೆ ಹಾಡಿ ಬಂದಳು. ಅವ್ವನ ಮುಖದ ಬಿಗಿ ಮಾತ್ರ ಸಡಿಲವಾಗಲಿಲ್ಲ.

ಮುಂದಿನ ವರ್ಷ ನಿಪ್ಪಾಣಿಯ ಹುಡುಗರು ಒಂದು ಸ್ಪರ್ಧೆ ಇಟ್ಟುಕೊಂಡರು. ವೈನಿ ಹೋಗುತ್ತೇನೆ ಎಂದಳು. ಅವ್ವ ಎರಡು ದಿನ ಮಾತು ಬಿಟ್ಟಳು. ಅಣ್ಣ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ಸ್ಪರ್ಧೆಯ ದಿನ ಬೆಳಿಗ್ಗೆ ಬೈಕು ಒರೆಸಿ ಅಂಗಳದಲ್ಲಿ ನಿಲ್ಲಿಸಿ, "ತಡಾ ಆಗ್ತೈತಿ, ಏರು," ಎಂದ, ಅಷ್ಟೇ. ಅಲ್ಲಿ ಟೋಪಿ ತಿರುವಿ ಹಾಕಿದ ಹುಡುಗರ ನಡುವೆ ಇಳಕಲ್ ಸೀರೆಯ ಒಬ್ಬಳೇ ಹೆಂಗಸು. ಮೊದಲು ಕಿಸಕ್ಕೆಂದು ನಕ್ಕರು. ಅವಳು ಅರ್ಧ ಕನ್ನಡ, ಅರ್ಧ ಮರಾಠಿಯಲ್ಲಿ, ಒಂದು ಹೊಳೆಗೆ ಎರಡು ದಂಡೆ ಇದ್ದರೂ ನೀರು ಯಾರ ಭಾಷೆಯದು ಎಂದು ಕೇಳುವ ಪದ ಹೇಳಿದಾಗ ನಗು ನಿಂತಿತು. ಬಹುಮಾನವೇನೂ ಬರಲಿಲ್ಲ. ಆದರೆ ಆ ವಿಡಿಯೊ ನಮ್ಮ ಸುತ್ತಲಿನ ತಾಲೂಕುಗಳ ಮೊಬೈಲುಗಳಲ್ಲಿ ಓಡಾಡಿತು. ಗ್ರೂಪಿನಲ್ಲಿ ಯಾರಾದರೂ 'ಹಿಪ್-ಹಾಪ್ ಕೆಟ್ಟಿತು' ಎಂದರೆ ಇನ್ನೊಬ್ಬರು ಉತ್ತರವಾಗಿ ಅದನ್ನೇ ಹಾಕತೊಡಗಿದರು. ಬಸು ಕೂಡ ಪಕ್ಷ ಬದಲಿಸಿದ. ಪೂರ್ತಿ ಅಲ್ಲ, ಅರ್ಧ.

ಅವ್ವ ಮಾತ್ರ ಆ ವಿಡಿಯೊ ನೋಡಲಿಲ್ಲ.

ಹಾಗೆ ಒಂದೆರಡು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ವೈನಿಯ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಮಿರಜಿನಲ್ಲಿ ತೋರಿಸಿದೆವು. ಥೈರಾಯ್ಡ್ ಗಂಟು, ತೆಗೆಯಲೇಬೇಕು ಎಂದರು ಡಾಕ್ಟರು. ಅದು ದನಿಯ ನರಕ್ಕೆ ಅಂಟಿಕೊಂಡಿದೆ, ಜೀವ ಉಳಿಯುತ್ತದೆ, ದನಿಯ ಬಗ್ಗೆ ಈಗಲೇ ಮಾತು ಕೊಡಲಾರೆ ಎಂದೂ ಮುಚ್ಚಿಡದೆ ಹೇಳಿದರು. ವೈನಿಯೇ, "ತಗೀರಿ," ಎಂದಳು.

ಜೀವ ಉಳಿಯಿತು, ದನಿ ಹೋಯಿತು. ಉಳಿದದ್ದು ಗಾಳಿ ಬೆರೆತ ಒಂದು ಪಿಸುಮಾತು. ಎರಡು ಶಬ್ದ ಆಡುವಷ್ಟರಲ್ಲಿ ಉಸಿರು ಖಾಲಿ. ಮಗ್ಗದ ಸದ್ದನ್ನು ಗೆದ್ದವಳು ಅಡುಗೆಮನೆಯಿಂದ ಪಡಸಾಲೆಗೆ ಕೂಗಲಾರದೆ, ಊಟಕ್ಕೆ ಕರೆಯಲು ತಾಟು ಬಡಿಯತೊಡಗಿದಳು. ಹಾಡು ಕೇಳುವುದನ್ನೂ ಬಿಟ್ಟಳು. ನಾನು ಮೊಬೈಲಿನಲ್ಲಿ ಏನಾದರೂ ಹಚ್ಚಿದರೆ ಎದ್ದು ಹಿತ್ತಲಿಗೆ ಹೋಗುತ್ತಿದ್ದಳು. ಅವ್ವ ಆ ದಿನಗಳಲ್ಲಿ ಸೊಸೆಗೆ ಬಿಸಿ ಗಂಜಿ ಮಾಡಿಕೊಟ್ಟು, ಕುಡಿದು ಮುಗಿಸುವವರೆಗೂ ಎದುರಿಗೇ ಕೂತಿರುತ್ತಿದ್ದಳು.

ಒಂದು ದಿನ ಗ್ರೂಪಿನಲ್ಲಿ ಯಾರೋ ಹಳೆಯ ವಿಡಿಯೊ ಹಾಕಿ, 'ಹಿಪ್-ಹಾಪ್‌ನಂಗ ಇವರದೂ ಕಥಿ ಮುಗೀತು' ಎಂದು ಬರೆದಿದ್ದರು. ಕೆಡುಕಿನಿಂದ ಬರೆದದ್ದಲ್ಲ, ಮರುಗಿಯೇ ಬರೆದದ್ದು. ಅವಳಿಗೆ ಕಾಣದಿರಲಿ ಎಂದುಕೊಂಡೆ. ಆದರೆ ಆ ವಿಡಿಯೊ ಓಡಾಡಿದಾಗಿನಿಂದ ಅವಳೂ ಗ್ರೂಪಿನಲ್ಲಿದ್ದಳು.

ಮರುದಿನ ಬೆಳಿಗ್ಗೆ ಅಡುಗೆಮನೆಯಲ್ಲಿ ಬುಡುಬುಡು ಸದ್ದು. ವೈನಿ ನೀರಿನ ಗ್ಲಾಸಿನಲ್ಲಿ ಎಳನೀರು ಕುಡಿಯುವ ಕೊಳವೆ ಇಟ್ಟು ಊದುತ್ತಿದ್ದಳು. ದನಿಗೆ ಇದೇ ವ್ಯಾಯಾಮ ಎಂದು ಮಿರಜಿನಲ್ಲಿ ಕಲಿಸಿದ್ದರಂತೆ. ಅವಳು ಅದನ್ನು ಅಲ್ಲಿಯವರೆಗೆ ಮುಟ್ಟಿರಲಿಲ್ಲ. ನನ್ನನ್ನು ಕಂಡು ಕೊಳವೆ ತೆಗೆದು ಪಿಸುಗುಟ್ಟಿದಳು:

"ಮುಗೀತು... ಅನ್ನಾಕ... ಅವ್ರ್ಯಾರು?"

ಅಂದಿನಿಂದ ಮುಂಜಾನೆ ಒಲೆ ಹೊತ್ತಿಸುವ ಮುಂಚೆ ಗ್ಲಾಸು, ಕೊಳವೆ. ಮಧ್ಯಾಹ್ನ ಪಾತ್ರೆ ತೊಳೆದ ಮೇಲೆ ಆ, ಈ, ಊ. ದಿನಗಟ್ಟಲೆ ಏನೂ ಬದಲಾಗುತ್ತಿರಲಿಲ್ಲ. ಅವಳು ಅದನ್ನು ಗಮನಿಸಿದಂತೆಯೂ ಕಾಣುತ್ತಿರಲಿಲ್ಲ. ಕಡೆಗೊಮ್ಮೆ ಪಿಸುಮಾತಿನ ಅಡಿಯಲ್ಲಿ ಒಂದು ದನಿ ಹುಟ್ಟಿತು. ಒರಟು, ಬಿರುಕು ಬಿಟ್ಟದ್ದು, ಆದರೆ ದನಿಯೇ. ವೇಗ ಮರಳಲಿಲ್ಲ. ಹಳೆಯ ಪದಗಳನ್ನು ಹೇಳಲು ಹೋದರೆ ಅರ್ಧ ಸಾಲಿಗೆ ಉಸಿರು ನಿಲ್ಲುತ್ತಿತ್ತು. ಅವಳು ಹಳೆಯ ಪದಗಳನ್ನೇ ಬಿಟ್ಟಳು. "ಉಸರ ಎಷ್ಟ ಐತೋ ಅಷ್ಟ ಸಾಲು," ಎಂದು ಹೊಸದನ್ನು ಬರೆಯತೊಡಗಿದಳು. ಗಿಡ್ಡ ಗಿಡ್ಡ ಮಾತು, ನಡುನಡುವೆ ಮೌನ. ಆದರೂ ಕೆಲವು ಸಾಲುಗಳು ಅವಳ ಉಸಿರಿಗಿಂತ ಉದ್ದವೇ ಬಂದವು. ಅವನ್ನು ಕತ್ತರಿಸಲು ಒಪ್ಪಲಿಲ್ಲ.

"ಇಲ್ಲಿಂದ ಮುಂದ ನೀ ಹೇಳು," ಎಂದಳು ನನಗೆ.

"ನಾನಾ? ವೈನಿ, ನಾ ಬರೇ ಕೇಳಾಂವ. ನನಗ ಮಂದಿ ಮುಂದ ನಿಂತ್ರ ಕಾಲ ನಡಗತಾವ."

"ಇಷ್ಟ ವರ್ಷ ಎಲ್ಲಾರ ಹಾಡಿಗೂ ತೀರ್ಪ ಕೊಟ್ಟಿ. ಈಗ ಒಂದ ಸಲ ಕಟಕಟಿಯಾಗ ನಿಂದರು."

ನಿಲ್ಲಲೇಬೇಕಾಯಿತು. ಅಥಣಿಯ ಹುಡುಗರು ಮದುವೆ ನಡೆಯುವ ಒಂದು ಮಂಗಲ ಕಾರ್ಯಾಲಯ ಬಾಡಿಗೆಗೆ ಹಿಡಿದು, ಮಧ್ಯಾಹ್ನದ ಕಾರ್ಯಕ್ರಮ ಇಟ್ಟಿದ್ದರು. ಬಸು ಧ್ವನಿವರ್ಧಕದ ಬಳಿ ಕೂತಿದ್ದ. ಅಣ್ಣ ಕೊನೆಯ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದ. ವೈನಿ ಮೊದಲ ಸಾಲು ಹೇಳಿದ ಕೂಡಲೇ ಜನರಲ್ಲಿ ಗುಸುಗುಸು ಎದ್ದಿತು. ಹಿಂದಿನಿಂದ ಯಾರೋ, "ಹಳೇ ದನಿ ಎಲ್ಲೈತ್ರಿ?" ಎಂದು ಕೂಗಿದರು. ವೈನಿ ತಾಳ ನಿಲ್ಲಿಸಲಿಲ್ಲ. ಕೂಗಿದ ಕಡೆಗೇ ತಿರುಗಿ, ಅವನಿಗೊಬ್ಬನಿಗೇ ಹೇಳುವಂತೆ ಮುಂದುವರಿಸಿದಳು.

ದನಿ ಹೋತು. ಮಾತು ಉಳೀತು.
ಮಾತಿಗೊಂದು ಮನಿ ಬೇಕು.
ಗಂಟಲ ಬಿಟ್ಟೆ. ಎದಿಯಾಗ ಇಟ್ಟೆ.
ಬಂದ ಕೇಳವರು ಹತ್ರ ಬರ‍್ರಿ.

ಜನ ನಿಜವಾಗಿಯೂ ಹತ್ತಿರ ಬಂದರು. ಕುರ್ಚಿ ಎಳೆಯುವ ಸದ್ದು ನನಗೀಗಲೂ ಕೇಳಿಸುತ್ತದೆ. ಅವಳ ಉಸಿರು ತೀರಿದಲ್ಲಿ ನಾನು ಸಾಲು ಎತ್ತಿಕೊಳ್ಳಬೇಕು. ಮೊದಲ ಸಲ ತಡವರಿಸಿದೆ. ಅವಳು ಬೆರಳಿಂದ ತೊಡೆಗೆ ತಾಳ ಬಡಿಯುತ್ತ ಸುಮ್ಮನೆ ಕಾದಳು, ಮುಖದಲ್ಲಿ ಅವಸರವಿಲ್ಲ. ನನ್ನ ಬಾಯಿಂದ ಮಾತು ಹೊರಬಿತ್ತು. ನನ್ನ ದನಿ ಎಂಬುದೊಂದು ಇದೆ ಎಂದು ನನಗೆ ಅವತ್ತೇ ಗೊತ್ತಾದದ್ದು.

ಕಾರ್ಯಕ್ರಮ ಮುಗಿದು ಹೊರಗೆ ಚಹಾ ಕುಡಿಯುವಾಗ ಬಸು ನೆಲ ನೋಡುತ್ತ ಅಂದ, "ವೈನಿ, ಖರೆ ಹೇಳ್ತೀನ್ರಿ, ಸಿಟ್ಟಾಗಬ್ಯಾಡ್ರಿ. ಮೊದಲಿನಂಗ ಇಲ್ರಿ."

"ಇಲ್ಲ," ಎಂದಳು ವೈನಿ. "ಆ ದನಿ ಭಾಳ ಚಲೋ ಇತ್ತು. ನನಗೂ ಅದರ ನೆನಪ ಆಗ್ತೈತಿ." ಚಹಾದ ಗುಟುಕು ನುಂಗಲು ತುಸು ಕಷ್ಟಪಟ್ಟು, ಉಸಿರು ತೆಗೆದುಕೊಂಡು ಮುಂದುವರಿಸಿದಳು. "ಆದ್ರ ಆವಾಗ ನನ್ನ ಕಡೆ ಹೇಳಾಕ ಇಷ್ಟ ಇರಲಿಲ್ಲೋ ಬಸು."

ಬಸು ಆಮೇಲೆ ಉಳಿದರ್ಧ ಪಕ್ಷವನ್ನೂ ಬದಲಿಸಿದನೋ ಇಲ್ಲವೋ ನಾನು ಕೇಳಲಿಲ್ಲ. ಬಸ್‌ಸ್ಟ್ಯಾಂಡಿನವರೆಗೆ ಅವಳ ಚೀಲ ಹಿಡಿದು ನಡೆದ.

ಗ್ರೂಪಿನಲ್ಲಿ ಆ ವಾದ ಇವತ್ತಿಗೂ ನಡೆಯುತ್ತಿದೆ. ಹೊಸದಾಗಿ ಸೇರಿದ ಹುಡುಗರು ನಮ್ಮ ಕಾಲದ್ದೇ ಚೆನ್ನಾಗಿತ್ತು ಎನ್ನುತ್ತಾರೆ, ಅವರ ಕಾಲ ಎಂದರೆ ನಿನ್ನೆ ಮೊನ್ನೆಯದು. ನಾನೀಗ ರಾಯಬಾಗದಲ್ಲಿ ನೌಕರಿಯಲ್ಲಿದ್ದೇನೆ. ಶನಿವಾರ ಊರಿಗೆ ಬಂದರೆ ವೈನಿ ಹೊಸ ಸಾಲುಗಳನ್ನು ಕೊಡುತ್ತಾಳೆ. ಅವುಗಳಲ್ಲಿ ನನ್ನ ಪಾಲು ಮೊದಲಿಗಿಂತ ಹೆಚ್ಚಾಗಿದೆ. ಅವಳ ಉಸಿರು ಕಡಿಮೆಯಾಗಿದ್ದಕ್ಕಲ್ಲ. "ಈಗ ನೀನೂ ಬರದ ತಾ. ಕೆಟ್ಟೈತಿ ಅನ್ನಾವ ಒಂದ ಚಲೋದ ಮಾಡಿ ತೋರಸಬೇಕು," ಎಂದು ಆಕೆ ಬೆನ್ನು ಹತ್ತಿದ್ದರಿಂದ. ತೀರ್ಪು ಹೇಳುವುದನ್ನೇ ವಿದ್ಯೆ ಎಂದುಕೊಂಡಿದ್ದವನ ಕೈಹಿಡಿದು ಅವಳು ಕೆಲಸಕ್ಕೆ ಹಚ್ಚಿದಳು. ಈ ಋಣ ತೀರುವಂಥದ್ದಲ್ಲ.

ಮೊನ್ನೆ ಮಧ್ಯಾಹ್ನ ಮೇಲಿನ ಖೋಲಿಯಲ್ಲಿ ಹೊಸ ಪದವನ್ನು ರೆಕಾರ್ಡ್ ಮಾಡಲು ಕೂತಿದ್ದೆವು. ಶುರುಮಾಡುವ ಹೊತ್ತಿಗೆ ಸರಿಯಾಗಿ ಕಬ್ಬು ತುಂಬಿದ ಟ್ರ್ಯಾಕ್ಟರೊಂದು ದೊಡ್ಡ ಸ್ಪೀಕರಿನಲ್ಲಿ ಹಾಡು ಹಚ್ಚಿಕೊಂಡು ಬಂದು ನಮ್ಮ ಓಣಿಯ ತಿರುವಿನಲ್ಲಿ ನಿಂತಿತು. ಕಿಟಕಿ ಮುಚ್ಚಿದರೂ ಗೋಡೆ ನಡುಗುತ್ತಿತ್ತು. ಇವತ್ತು ಆಗಲಿಕ್ಕಿಲ್ಲ ಎಂದು ನಾನು ಮೈಕು ಕೆಳಗಿಡುವಷ್ಟರಲ್ಲಿ ಕೆಳಗಿನಿಂದ ಅವ್ವನ ದನಿ ಕೇಳಿಸಿತು. ಇಣುಕಿ ನೋಡಿದೆ. ತಲೆಮೇಲೆ ಸೆರಗು ಹೊದ್ದು, ಟ್ರ್ಯಾಕ್ಟರಿನ ಮುಂದೆ ಕೈ ಅಡ್ಡ ಹಿಡಿದು ನಿಂತಿದ್ದಳು.

"ಸ್ವಲ್ಪ ಬಂದ್ ಮಾಡೋ ಯಪ್ಪಾ. ನಮ್ಮ ಸೊಸಿ ಹಾಡಾಕತ್ತಾಳ."

ಡ್ರೈವರು ಸ್ಪೀಕರು ಆರಿಸಿ, ಎಂಜಿನ್ನನ್ನೂ ಆರಿಸಿದ. "ಯಾವ ಹಾಡ್ರಿ ಆಯಿ? ಭಜನಿ ಏನ್ರಿ?"

"ಭಜನಿ ಅಲ್ಲೋ, ರ‍್ಯಾಪು," ಎಂದಳು ಅವ್ವ, ಇಷ್ಟೂ ಗೊತ್ತಾಗುವುದಿಲ್ಲವೇ ಎನ್ನುವಂತೆ.

ವೈನಿಗೆ ನಗು ತಡೆಯಲಾಗಲಿಲ್ಲ. ಆ ನಗು ಅವಳ ಉಸಿರನ್ನೆಲ್ಲ ತೆಗೆದುಕೊಂಡುಬಿಟ್ಟಿತು. ಮೊದಲ ಸಾಲನ್ನು ನಾನೇ ಹೇಳಿದೆ.