ಆಂಟಿ ಅರ್ಧಕ್ಕೆ ಬಿಟ್ಟ ಮಾತು

ಆಂಟಿಯ ಜಡೆ ಸೊಂಟದವರೆಗೆ ಬರುತ್ತಿತ್ತು. ಪೂರ್ತಿ ಬಿಳಿ, ತುದಿಗೆ ಬರುವಷ್ಟರಲ್ಲಿ ಇಲಿಬಾಲದಷ್ಟು ಸಣ್ಣಗಾಗಿ, ಅದಕ್ಕೊಂದು ಕಪ್ಪು ದಾರ. ಪ್ಯಾಂಟು, ಸ್ಪೋರ್ಟ್ಸ್ ಶೂ, ಬೆನ್ನ ಮೇಲೆ ಆ ಜಡೆ. ಸಿಡ್ನಿಯ ವೆಸ್ಟ್‌ಮೀಡ್ ರೈಲು ಸ್ಟೇಷನ್ನಿನಲ್ಲಿ ಎಷ್ಟೇ ಜನವಿರಲಿ, ಹಿಂದಿನಿಂದಲೇ ಅವರನ್ನು ಗುರುತು ಹಿಡಿಯಬಹುದಿತ್ತು. "ಕಟ್ ಮಾಡಿಸ್ರಿ ಆಂಟಿ, ಈ ಬಿಸಿಲಿಗೆ ತಲೆ ಹಗುರಾಗ್ತದೆ" ಎಂದು ನಾನೊಮ್ಮೆ ಪುಕ್ಕಟೆ ಸಲಹೆ ಕೊಟ್ಟಿದ್ದೆ. "ಜಡೆ ಹಾಕೋದು ಕಲಿಸಿದೋರು ಬೈತಾರೆ ಕಣೋ" ಎಂದು ನಕ್ಕರು. ಯಾರು ಕಲಿಸಿದ್ದು ಎಂದು ನಾನು ಕೇಳಲಿಲ್ಲ. ಸಲಹೆ ಕೊಡುವವನಿಗೆ ಕೇಳುವುದಕ್ಕೆ ಪುರುಸೊತ್ತೆಲ್ಲಿ?

ನಾನು ದಾವಣಗೆರೆಯಿಂದ ಸಿಡ್ನಿಗೆ ಓದಲು ಬಂದವನು. ಓದು ಮುಗಿದು, ಮ್ಯಾಕ್ವೆರಿ ಪಾರ್ಕಿನ ಒಂದು ಕಂಪನಿಯಲ್ಲಿ ಕೆಲಸ ಸಿಕ್ಕಿ, ಇಲ್ಲೇ ಕಾಯಂ ನೆಲೆಸಲು ಬೇಕಾದ ಪಿಆರ್‌ಗಾಗಿ ಕಾಯುತ್ತಿದ್ದ ಕಾಲದಲ್ಲಿ ಆಂಟಿಯ ಫ್ಲ್ಯಾಟಿನ ಒಂದು ಕೋಣೆಯಲ್ಲಿದ್ದೆ. ಅವರು ಮೈಸೂರಿನವರು, ಡಾಕ್ಟರಾಗಿದ್ದು ನಿವೃತ್ತರಾದವರು. ಮದುವೆಯಾಗಿದ್ದು ಇಲ್ಲಿನವರೊಬ್ಬರನ್ನು. ಆತ ಕ್ರೈಸ್ತರಲ್ಲಿ ಕ್ವೇಕರ್ ಎಂಬ ಪಂಥದವರು. ಗಂಡ ತೀರಿಕೊಂಡು ವರ್ಷಗಳಾಗಿದ್ದರೂ ಆಂಟಿ ಆ ಪಂಥದ ಭಾನುವಾರದ ಕೂಟವನ್ನು ತಪ್ಪಿಸುತ್ತಿರಲಿಲ್ಲ. ಅಲ್ಲಿ ಏನು ಮಾಡುತ್ತೀರಿ ಎಂದರೆ, "ಪೂಜಾರಿ ಇಲ್ಲ, ಮಂತ್ರ ಇಲ್ಲ. ಒಂದ್ ಗಂಟೆ ಸುಮ್ನೆ ಕೂತಿರ್ತೀವಿ. ಯಾರಿಗಾದ್ರೂ ಒಳಗಿಂದ ಮಾತು ಬಂದ್ರೆ ಎದ್ದು ಹೇಳ್ತಾರೆ. ಬರದಿದ್ರೆ ಇಲ್ಲ" ಎನ್ನುತ್ತಿದ್ದರು.

ನನಗೋ ಒಂದು ಗಂಟೆ ಇರಲಿ, ಒಂದು ಲೋಟ ಕಾಫಿ ಇಳಿಯುವಷ್ಟು ಹೊತ್ತೂ ಸುಮ್ಮನಿರಲು ಬಾರದು. ಬೆಳಿಗ್ಗೆ ಅವರು ಫಿಲ್ಟರಿಗೆ ಬಿಸಿನೀರು ಹುಯ್ದಿಟ್ಟರೆ ನಾನು ಹೋಗಿ ಅದರ ತಲೆಗೆ ಚಮಚದಿಂದ ಕುಟ್ಟುತ್ತಿದ್ದೆ. "ತಾಳೋ ಮಾರಾಯ, ಇನ್ನೂ ಇಳೀತಾ ಇದೆ. ಕುಟ್ಟಿದ್ರೆ ಚರಟ ಇಳಿಯುತ್ತೆ ಅಷ್ಟೆ" ಎಂದು ಚಮಚ ಕಿತ್ತುಕೊಳ್ಳುತ್ತಿದ್ದರು. ಫ್ರಿಜ್ಜಿನ ಬಾಗಿಲ ಮೇಲೆ ಒಂದು ಹಳೆಯ ಫೋಟೊ ಇತ್ತು: ಎರಡೆರಡು ಜಡೆಯ ಇಬ್ಬರು ಹುಡುಗಿಯರು. "ಇವರ‍್ಯಾರ್ರಿ?" ಎಂದಿದ್ದಕ್ಕೆ "ನಮ್ಮಕ್ಕ" ಎಂದು ಹಾಲು ಕಾಯಿಸಲು ತಿರುಗಿಕೊಂಡಿದ್ದರು. ಆ ಅಕ್ಕ ತೀರಿಕೊಂಡ ಸುದ್ದಿ ಮೈಸೂರಿನಿಂದ ಫೋನಿನಲ್ಲಿ ಬಂದಾಗ ನಾನು ಮನೆಯಲ್ಲೇ ಇದ್ದೆ. ಆಂಟಿ ಅಳಲಿಲ್ಲ, ಊರಿಗೆ ಹೋಗಲೂ ಇಲ್ಲ. ಇಡೀ ದಿನ ಬಾಲ್ಕನಿಯಲ್ಲಿ ಕುಳಿತಿದ್ದರು.

ಮುಂದಿನ ಡಿಸೆಂಬರಿನಲ್ಲಿ ಹೇಳಿದರು. "ಜನವರೀಲಿ ಮೆಲ್ಬರ್ನ್ ಹತ್ರ ನಮ್ಮ ಕೂಟದೋರದ್ದು ಒಂದು ವಾರದ ಸಮ್ಮೇಳನ ಇದೆ. ನೀನೂ ಬಾ."

"ಏನ್ರಿ ಆಂಟಿ, ಒಂದು ವಾರ ಬಾಯಿ ಮುಚ್ಕೊಂಡು ಕುಂದ್ರಬೇಕಾ?"

"ಊಟಕ್ಕೆ ತೆಗೀಬಹುದು. ಬಾರೋ, ನನಗೋಸ್ಕರ."

ಡ್ರೈವರ್ ಬೇಕಾಗಿರಬೇಕು ಎಂದುಕೊಂಡೆ. ರಜೆ ಹಾಕಿ, ನನ್ನ ಸೆಕೆಂಡ್ ಹ್ಯಾಂಡ್ ಕಾರಿನಲ್ಲಿ ಒಂಬತ್ತು ಗಂಟೆ ದಾರಿ ಕರೆದುಕೊಂಡು ಹೋದೆ.

ಮೆಲ್ಬರ್ನಿನ ಹೊರಗೆ ಒಂದು ಶಾಲೆಯ ಹಾಸ್ಟೆಲ್. ಇಲ್ಲಿ ಜನವರಿಯಲ್ಲಿ ಬೇಸಿಗೆ ರಜೆಯಾದ್ದರಿಂದ ಖಾಲಿಯಿತ್ತು. ಇನ್ನೂರರಷ್ಟು ಜನ. ಎದೆಗೆ ಅಂಟಿಸಿದ ಚೀಟಿಯಲ್ಲಿ ಬರೀ ಹೆಸರು. ಡಾಕ್ಟರ್, ಪ್ರೊಫೆಸರ್ ಯಾವುದೂ ಇಲ್ಲ. ಎಂಟು ವರ್ಷದ ಮಕ್ಕಳೂ ಎಂಬತ್ತರ ಮುದುಕರನ್ನು ಹೆಸರು ಹಿಡಿದೇ ಕರೆಯುತ್ತಿದ್ದರು. "ನೀನೂ ಹಾಗೇ ಕರಿ" ಎಂದರು ಆಂಟಿ. ಹಿರಿಯರ ಹೆಸರು ನನ್ನ ನಾಲಿಗೆಯ ಮೇಲೆ ಹೊರಳಲಿಲ್ಲ. ಬದಲಿಗೆ ಎರಡನೇ ದಿನದ ಹೊತ್ತಿಗೆ ನನ್ನ ಬಾಯಿಂದ ಕೇಳಿ ಕೇಳಿ ಅರ್ಧ ಶಿಬಿರವೇ ಅವರನ್ನು ಆಂಟಿ ಎನ್ನತೊಡಗಿತ್ತು.

ಬೆಳಿಗ್ಗೆ ಎಲ್ಲರೂ ವೃತ್ತಾಕಾರದಲ್ಲಿ ಮೌನವಾಗಿ ಕೂರುವುದು, ಆಮೇಲೆ ಸಣ್ಣ ಗುಂಪುಗಳಲ್ಲಿ ಮಾತುಕತೆ, ಮಕ್ಕಳಿಗೆ ಗಾಳಿಪಟ, ಸಂಜೆ ಹಾಡು. ಅಡುಗೆ ಮನೆಯಲ್ಲಿ ಎಲ್ಲರಿಗೂ ಸರದಿ. ಊರಿನಲ್ಲಿ ಉಂಡ ತಟ್ಟೆ ಎತ್ತದ ನಾನು, ಜೇನು ಸಾಕುವ ಒಬ್ಬ ಉದ್ದನೆಯ ಮುದುಕರ ಜೊತೆ ದಿನಾ ಮಧ್ಯಾಹ್ನ ಬೇಳೆ ತಳ ಹಿಡಿದ ಪಾತ್ರೆ ಉಜ್ಜಿದೆ. ಅವರು ಆಂಟಿಯ ಗಂಡನ ಹಳೆಯ ಸ್ನೇಹಿತರು. ಸಭೆ ನಡೆಸುವ ರೀತಿ ನೋಡಿಯಂತೂ ಬೆರಗಾದೆ. ಓಟು ಹಾಕುವುದಿಲ್ಲ. ನಿರಾಶ್ರಿತರ ಪರವಾಗಿ ಸರ್ಕಾರಕ್ಕೆ ಬರೆಯುವ ಒಂದು ಕಾಗದ. ಯಾವುದೋ ಸಾಲು ಮನಸ್ಸಿಗೆ ಒಗ್ಗುತ್ತಿಲ್ಲ ಎಂದು ಒಬ್ಬಾಕೆ ಅಂದದ್ದಕ್ಕೆ ಇನ್ನೂರು ಜನ ಸುಮ್ಮನೆ ಕುಳಿತು, ಮತ್ತೆ ಬರೆದರು. ನಮ್ಮ ಕನ್ನಡದ ಸಭೆಗಳಲ್ಲಿ ಮೈಕಿಗಾಗಿ ನಡೆಯುವ ಎಳೆದಾಟ ಕಂಡಿದ್ದ ನನಗೆ ಇದು ಬೇರೆ ಲೋಕ.

ಮೊದಲ ದಿನವೇ ಆಂಟಿ ಎಚ್ಚರಿಸಿದ್ದರು. "ಯಾರಾದ್ರೂ ಎದ್ದು ಮಾತಾಡಿದ್ರೆ ಉತ್ತರ ಕೊಡಬಾರದು. ಸರಿ, ತಪ್ಪು ಅನ್ನಬಾರದು. ನಡುವೆ ನಿಲ್ಲಿಸಿದ್ರೆ ಕಾಯಬೇಕು." ತಲೆಯಾಡಿಸಿದ್ದೆ.

ಐದನೆಯ ಬೆಳಿಗ್ಗೆ. ಮೌನವಾಗಿ ಕುಳಿತು ಅರ್ಧ ಗಂಟೆಯಾಗಿರಬಹುದು. ನನ್ನ ಪಕ್ಕದಲ್ಲಿ ಆಂಟಿ ಎದ್ದು ನಿಂತರು. ಜಡೆಯನ್ನು ಹೆಗಲ ಮೇಲಿಂದ ಮುಂದಕ್ಕೆ ಎಳೆದುಕೊಂಡು, ಅದರ ತುದಿಯನ್ನು ಹಿಡಿದು, ಕನ್ನಡದಲ್ಲಿ ಮಾತಾಡತೊಡಗಿದರು.

"ನಮ್ಮಕ್ಕ ದಿನಾ ಬೆಳಿಗ್ಗೆ ಹಿತ್ತಲ ಮೆಟ್ಟಿಲ ಮೇಲೆ ಕೂತು ನನಗೆ ತಲೆ ಬಾಚ್ತಿದ್ಲು. ನಾನು ಮನೆ ಬಿಟ್ಟು ಹೊರಟ ದಿನಾನೂ ಬಾಚಿದ್ಲು. ಮದುವೆ ವಿಷಯಕ್ಕೆ ಮನೇಲಿ ಬೇರೆ ಯಾರೂ ನನ್ನ ಮುಖ ನೋಡ್ತಿರಲಿಲ್ಲ. ಜಡೆ ಹಾಕ್ತಾ ಹಾಕ್ತಾ ಅವಳು ನನ್ನ ಒಂದು ಮಾತು ಕೇಳಿದ್ಲು..."

ಅಲ್ಲಿಗೆ ನಿಲ್ಲಿಸಿದರು.

ನನಗೆ ಕಂಡದ್ದು ಇನ್ನೂರು ಬಿಳಿ ಮುಖಗಳು. ಪಾಪ, ವಯಸ್ಸಾಯಿತು, ಮರೆತು ಕನ್ನಡಕ್ಕೆ ಜಾರಿಬಿಟ್ಟರು ಎಂದುಕೊಂಡೆ. ನಿಜ ಹೇಳುತ್ತೇನೆ, ಅವರ ಪರವಾಗಿ ನಾಚಿಕೆಯೂ ಆಯಿತು. ಉಪಕಾರ ಮಾಡುವ ಉಮೇದಿನಲ್ಲಿ ತಟ್ಟನೆ ಎದ್ದು, ಅವರು ಹೇಳಿದ್ದಷ್ಟನ್ನೂ ಇಂಗ್ಲಿಷಿಗೆ ಅನುವಾದ ಮಾಡಿ, ಸೊಗಸಾಗಿ ಒಪ್ಪಿಸಿದೆ. ಅಧಿಕಪ್ರಸಂಗಿ! ಮುಗಿಸಿ, ಮುಂದಿನ ವಾಕ್ಯ ಕೊಡಿ ಎನ್ನುವಂತೆ ಅವರ ಕಡೆ ನೋಡಿದೆ.

ಆಂಟಿಯ ಮುಖದಲ್ಲಿ ಕೋಪವಿರಲಿಲ್ಲ. ನಿದ್ದೆಯಿಂದ ಎಬ್ಬಿಸಿದವರ ಹಾಗೆ ನನ್ನನ್ನು ನೋಡಿದರು. "ಥ್ಯಾಂಕ್ಯೂ" ಎಂದು ಇಂಗ್ಲಿಷಿನಲ್ಲಿ ಹೇಳಿ ಕುಳಿತುಬಿಟ್ಟರು. ಎದುರಿಗಿದ್ದ ಜೇನಿನ ಮುದುಕರು ತಲೆ ತಗ್ಗಿಸಿದರು. ಗಂಟೆ ಮುಗಿದಾಗ ಎಂದಿನಂತೆ ಎಲ್ಲರೂ ಪಕ್ಕದವರ ಕೈ ಕುಲುಕಿದರು. ಅಲ್ಲಿ ಕೂಟ ಮುಗಿಯಿತು ಎನ್ನುವುದಕ್ಕೆ ಅದೇ ಗುರುತು. ಆಂಟಿ ನನ್ನ ಕೈಯನ್ನೂ ಕುಲುಕಿದರು.

ಸಿಡ್ನಿಗೆ ಹಿಂತಿರುಗುವಾಗ ಒಂಬತ್ತು ಗಂಟೆ ನಾವಿಬ್ಬರೇ. ಕೇಳಬಹುದಿತ್ತು. ನಾನು ಕೇಳಿದ್ದೇನು ಗೊತ್ತೇ?

"ಆಂಟಿ, ಟ್ರಾನ್ಸ್‌ಲೇಷನ್ ಕರೆಕ್ಟ್ ಇತ್ತಲ್ರಿ?"

"ಇತ್ತು ಕಣೋ. ಒಂದಕ್ಷರ ತಪ್ಪಿರಲಿಲ್ಲ" ಎಂದು ಕಿಟಕಿಯ ಕಡೆ ತಿರುಗಿದರು. ನಾನು ಖುಷಿಯಿಂದ ಹಾಡು ಹಾಕಿಕೊಂಡೆ.

ಆಮೇಲೆ ನನ್ನ ಮದುವೆಯಾಯಿತು. ಕೆಲಸ ಮೆಲ್ಬರ್ನಿಗೆ ಹೋಯಿತು. ಅಲ್ಲಿನ ಟಾರ್ನೀಟ್‌ನಲ್ಲಿ ಮನೆ, ಮಾರ್ಟ್‌ಗೇಜು ಸಾಲ. ವಾರಕ್ಕೊಮ್ಮೆ ಮಾಡುತ್ತಿದ್ದ ಫೋನು ತಿಂಗಳಿಗೊಮ್ಮೆಯಾಯಿತು. ಆಗಲೂ ಮಾತೆಲ್ಲ ನನ್ನದೇ, ಅವರದು "ಹ್ಞೂಂ, ಆಮೇಲೆ?" ಮಾತ್ರ. ನನ್ನ ಸಂಸಾರದ ಸಣ್ಣಪುಟ್ಟದ್ದೆಲ್ಲ ಆ ಎರಡು ಶಬ್ದಕ್ಕೆ ಹೊರಬರುತ್ತಿತ್ತು. ಅವರಿಗೆ ಕಾಯಿಲೆ ಎಂದು ತಿಳಿದಾಗ ಮುಂದಿನ ವಾರಾಂತ್ಯಕ್ಕೆ ಟಿಕೆಟ್ ಬುಕ್ ಮಾಡಿದೆ. ಅವರು ಅಷ್ಟು ದಿನ ಉಳಿಯಲಿಲ್ಲ.

ಅದೇ ಟಿಕೆಟ್ಟಿನಲ್ಲಿ ಸಿಡ್ನಿಗೆ, ಅವರ ನೆನಪಿನ ಕೂಟಕ್ಕೆ ಹೋದೆ. ಬಾಗಿಲಲ್ಲಿ ಜೇನಿನ ಮುದುಕರು ಸಿಕ್ಕರು. ನನ್ನನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಆ ವರ್ಷ ಸಮ್ಮೇಳನಕ್ಕೆ ಬರುವ ಮುಂಚೆ ಅವಳು ನನಗೊಂದು ಕಾಗದ ಬರೆದಿದ್ದಳು. ಅಕ್ಕ ಹೋದ ಮೇಲೆ ಒಂದು ಮಾತು ಒಳಗೇ ಕೂತಿದೆ, ಅದು ಇಂಗ್ಲಿಷಿನಲ್ಲಿ ಬರುತ್ತಿಲ್ಲ, ನನ್ನ ಭಾಷೆ ಬಲ್ಲವನೊಬ್ಬನನ್ನು ಕರೆತರುತ್ತೇನೆ, ಅವನೊಬ್ಬ ಕೇಳಿಸಿಕೊಂಡರೆ ಸಾಕು, ಅಂತ. ನಮಗೆ ಅರ್ಥವಾಗಬೇಕಾಗಿರಲಿಲ್ಲ ಮಗು. ನಾವು ಕಾಯುತ್ತಿದ್ದೆವು." ನನ್ನ ಮುಖ ನೋಡಿ ಕೇಳಿದರು, "ಆಮೇಲಾದರೂ ನಿನಗೆ ಹೇಳಿದಳೇ?"

"ಇಲ್ಲ" ಎಂದೆ.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರೆ. ನಾನು ಇನ್ನೊಬ್ಬರ ಮಾತನ್ನು, ಅವರು ಆಡುವ ಮೊದಲೇ ಕಳೆದಿದ್ದೆ. ಅಕ್ಕ ಏನು ಕೇಳಿದ್ದರು, ತಂಗಿ ಏನು ಉತ್ತರ ಕೊಟ್ಟಿದ್ದರು, ಈಗ ಈ ಭೂಮಿಯ ಮೇಲೆ ಯಾರಿಗೂ ಗೊತ್ತಿಲ್ಲ. ಡ್ರೈವರನಿಗಾಗಿ ಅಲ್ಲ, ಎರಡು ಕಿವಿಗಳಿಗಾಗಿ ಆಂಟಿ ನನ್ನನ್ನು ಕರೆದೊಯ್ದಿದ್ದರು. ನಾನು ಬಾಯಿ ತೆಗೆದುಕೊಂಡು ಹೋಗಿದ್ದೆ.

ಕೂಟ ಶುರುವಾಯಿತು. ಒಬ್ಬಿಬ್ಬರು ಎದ್ದು ಆಂಟಿಯ ಬಗ್ಗೆ ಇಂಗ್ಲಿಷಿನಲ್ಲಿ ಒಳ್ಳೆಯ ಮಾತು ಆಡಿದರು. ಪ್ರತಿ ಮಾತಿನ ನಂತರ ಮೌನ. ನಾನು ಸುಮ್ಮನಿರಬೇಕೆಂದೇ ಕುಳಿತಿದ್ದೆ. ಆದರೆ ನನಗೇ ತಿಳಿಯದೆ ಎದ್ದು ನಿಂತಿದ್ದೆ.

"ಆಮೇಲೆ, ಆಂಟಿ? ಅಕ್ಕ ಏನು ಕೇಳಿದ್ರು?"

ಕನ್ನಡದಲ್ಲಿ ಅಷ್ಟೇ ಹೇಳಿ ಕುಳಿತೆ. ಯಾರೂ ಅದರ ಅರ್ಥ ಕೇಳಲಿಲ್ಲ. ಎಲ್ಲರೂ ನನ್ನೊಂದಿಗೆ ಕಾದರು. ಗಂಟೆ ತುಂಬಿದಾಗ ಜೇನಿನ ಮುದುಕರು ಈ ಕಡೆ ತಿರುಗಿ ನನ್ನ ಕೈ ಕುಲುಕಿದರು.